ಪ್ರವೇಶಕ್ಕೂ ಶಿಷ್ಯವೇತನಕ್ಕೂ ನಡುವಣ ಕಾಲ

ವಿದ್ಯಾದಾನದ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ದಾನಿಯ ಹೆಸರನ್ನೂ ದತ್ತಿಯ ಮೊತ್ತವನ್ನೂ ಅದರಿಂದ ಉಪಕೃತರಾದ ಮಹನೀಯರ ಪಟ್ಟಿಯನ್ನೂ ಕೊಟ್ಟು ಕೃತಾರ್ಥರಾಗುವರು. ಆ ದಾನವು ವಿದ್ಯಾರ್ಥಿಯ ಕೈಗೆ ಯಾವ ದಿನ ಮುಟ್ಟಿತು, ಅದು ಮುಟ್ಟುವ ತನಕ ಆತನು ಏನು ಉಂಡನು, ಎಲ್ಲಿ ಮಲಗಿದನು ಎಂಬ ಪ್ರಶ್ನೆಯನ್ನು ಕೇಳುವವರು ವಿರಳ. ಆದರೆ ಬಡ ವಿದ್ಯಾರ್ಥಿಯ ಪಾಲಿಗೆ ದಾನದ ಮೊತ್ತಕ್ಕಿಂತ ದಾನದ ಕಾಲವೇ ಅನೇಕ ವೇಳೆ ನಿರ್ಣಾಯಕವಾಗಿರುವದು. ಶ್ರೀಮಠದ ಈ ಮಹೋತ್ಸವದ ಸ್ಮರಣ ಸಂಪುಟದಲ್ಲಿ ಆ ಅಲ್ಪಾವಕಾಶದ ಇತಿಹಾಸವನ್ನು ಯಥಾಮತಿ ನಿರೂಪಿಸಬೇಕೆಂಬುದು ನನ್ನ ಉದ್ದೇಶವು.

ಈ ನಿರೀಕ್ಷೆಯು ಹುಟ್ಟುವ ಬಗೆ ಸರಳವಾದುದು. ಗುಣಾನುಸಾರವಾಗಿ ಕೊಡುವ ಶಿಷ್ಯವೇತನಕ್ಕೆ ಅರ್ಜಿ ಮಾಡಬೇಕಾದರೆ ವಿದ್ಯಾರ್ಥಿಯ ಹೆಸರು ಮೊದಲು ಕಾಲೇಜಿನಲ್ಲಿ ದಾಖಲಾಗಬೇಕು. ಅರ್ಜಿಗಳೆಲ್ಲ ಬಂದು ಸೇರಿದ ಹೊರತು ಅವುಗಳ ತಾರತಮ್ಯ ನಿರ್ಣಯವಾಗದು. ನಿರ್ಣಯವಾದ ಹೊರತು ಹಣವು ಹೊರಡದು. ಆದರೆ ಕಾಲೇಜಿನ ಫೀ, ಪುಸ್ತಕದ ಬೆಲೆ, ಖಾನಾವಳಿಯ ಮುಂಗಡ ಇವೆಲ್ಲ ಮೊದಲನೆಯ ದಿನವೇ ಬೇಕು. ಅಂದಮೇಲೆ ಹಣದ ಅವಶ್ಯಕತೆಯು ಮುಂದೆ, ಹಣವು ಹಿಂದೆ. ಉಳ್ಳವರ ಮಕ್ಕಳಿಗೆ ಈ ಕಾಲವು ಕೇವಲ ಕುತೂಹಲದ ಕಾಲ. ಇಲ್ಲದವರ ಮಕ್ಕಳಿಗೆ ಅದೇ ಪರೀಕ್ಷೆಯ ಕಾಲ. ಗುಣವನ್ನು ಅಳೆಯುವದಕ್ಕಾಗಿ ಏರ್ಪಟ್ಟ ವ್ಯವಸ್ಥೆಯು ತನಗೆ ಅರಿವಿಲ್ಲದೆಯೇ ಕಾಯುವ ಶಕ್ತಿಯನ್ನೂ ಅಳೆಯುವದು.

ನಮ್ಮ ನಾಡಿನಲ್ಲಿ ವಿದ್ಯಾರ್ಥಿಪೋಷಣೆಯು ಯಾವಾಗಲೂ ಹೀಗೆಯೇ ಇದ್ದಿತೆಂದು ತಿಳಿಯಲಾಗದು. ವಿಜಾಪುರ ಜಿಲ್ಲೆಯ ಇಂಡಿ ತಾಲೂಕಿನ ಸಾಲೋಟಗಿಯಲ್ಲಿರುವ ಕ್ರಿ. ಶ. ೯೪೫ ರ ಶಿಲಾಶಾಸನವು ಈ ವಿಷಯದಲ್ಲಿ ಅಮೂಲ್ಯವಾದ ಸಾಕ್ಷಿಯಾಗಿದೆ. ರಾಷ್ಟ್ರಕೂಟ ಚಕ್ರವರ್ತಿಯಾದ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಅಲ್ಲಿ ಶಾಲೆಯೊಂದನ್ನು ಕಟ್ಟಿಸಿದನು. ನಾನಾ ಜನಪದಗಳಿಂದ ಬಂದ ವಿದ್ಯಾರ್ಥಿಗಳು ಇರುವದಕ್ಕಾಗಿ ೨೭ ಮನೆಗಳಿದ್ದವು. ಅವರ ಪೋಷಣೆಗೆ ೫೦೦ ನಿವರ್ತನ ಭೂಮಿಯೂ, ದೀಪದ ಎಣ್ಣೆಗೆಂದು ೧೨ ನಿವರ್ತನ ಭೂಮಿಯೂ ಬೇರೆ ಬೇರೆಯಾಗಿ ದತ್ತವಾಗಿದ್ದವು. ಊರವರು ಮದುವೆ ಮುಂಜಿಗಳ ಕಾಲದಲ್ಲಿ ಶಾಲೆಗೆ ಇಷ್ಟಿಷ್ಟು ನಾಣ್ಯವನ್ನು ಕೊಡತಕ್ಕದ್ದೆಂಬ ಕಟ್ಟಳೆಯೂ ಇದ್ದಿತು. ಇಲ್ಲಿ ಗಮನಿಸತಕ್ಕ ಅಂಶವೇನೆಂದರೆ, ವಿದ್ಯಾರ್ಥಿಯು ಊರ ಅಗಸೆಯೊಳಗೆ ಕಾಲಿಡುವ ಮೊದಲೇ ಆತನ ಅನ್ನವೂ ದೀಪವೂ ನಿಶ್ಚಿತವಾಗಿದ್ದವು.

ಚಿತ್ತಾಪುರದ ಸಮೀಪದ ನಾಗಾವಿಯಲ್ಲಿದ್ದ ಘಟಿಕಾಸ್ಥಾನದ ೧೦೫೮ ರ ಶಾಸನವು ವೇದಾಧ್ಯಯನ ಮಾಡುವ ೨೦೦ ಮಂದಿ ವಿದ್ಯಾರ್ಥಿಗಳನ್ನೂ, ಗ್ರಂಥಭಾಂಡಾರವನ್ನು ನೋಡಿಕೊಳ್ಳುವ ೬ ಮಂದಿ ಸರಸ್ವತೀಭಂಡಾರಿಗರನ್ನೂ ಹೇಳುತ್ತದೆ. ಬಳ್ಳಿಗಾವೆಯ ಕಾಳಾಮುಖರ ಕೋಡಿಯಮಠದ ೧೧೬೨ ರ ಶಾಸನವಂತೂ, ಮಠವೆಂಬುದು ವೇದ, ವ್ಯಾಕರಣ, ದರ್ಶನಗಳನ್ನು ಕಲಿಯುವ ಸ್ಥಾನವೂ ದೀನರಿಗೂ ಅಂಗಹೀನರಿಗೂ ಅನ್ನವನ್ನಿಕ್ಕುವ ಸ್ಥಾನವೂ ರೋಗಿಗಳಿಗೆ ಔಷಧವನ್ನು ಕೊಡುವ ಸ್ಥಾನವೂ ಆಗಿದ್ದಿತೆಂದು ವರ್ಣಿಸುತ್ತದೆ. ಪಾಠ ಒಂದೆಡೆ, ಊಟ ಇನ್ನೊಂದೆಡೆ ಎಂಬ ವಿಭಾಗವು ಅಲ್ಲಿ ಇರಲಿಲ್ಲ.

ಆದರೆ ಗತಕಾಲವನ್ನು ಹೊಗಳುವ ಭರದಲ್ಲಿ ಸತ್ಯವನ್ನು ಮರೆಮಾಡುವದು ಇತಿಹಾಸಕಾರನಿಗೆ ಸಲ್ಲದು. ಅಗ್ರಹಾರ ಘಟಿಕಾಸ್ಥಾನಗಳಲ್ಲಿ ಒಳಗೆ ಬಂದವನಿಗೆ ಅನ್ನದ ಚಿಂತೆ ಇರಲಿಲ್ಲವೆಂಬುದು ನಿಜ. ಆದರೆ ಒಳಗೆ ಬರುವ ಹಕ್ಕು ಬಹುಮಟ್ಟಿಗೆ ಜನ್ಮದಿಂದ ನಿಶ್ಚಿತವಾಗಿದ್ದಿತೆಂಬುದೂ ಅಷ್ಟೇ ನಿಜ. ಒಕ್ಕಲಿಗನ, ನೇಕಾರನ, ಸಮಗಾರನ ಮಗನು ಎಷ್ಟೇ ಮೇಧಾವಿಯಾಗಿದ್ದರೂ ಆ ೨೭ ಮನೆಗಳಲ್ಲಿ ಒಂದರ ಬಾಗಿಲನ್ನು ತಟ್ಟುವಂತಿರಲಿಲ್ಲ. ಆತನು ಕಾಯುವ ಪ್ರಸಂಗವೇ ಬರಲಿಲ್ಲ; ಏಕೆಂದರೆ ಆತನನ್ನು ಯಾರೂ ಕರೆದಿರಲಿಲ್ಲ.

ಈ ಸ್ಥಿತಿಯು ಪಲ್ಲಟವಾದದ್ದು ಆಂಗ್ಲ ಆಳಿಕೆಯಲ್ಲಿ. ಪೇಶವೆಯರು ಶ್ರಾವಣಮಾಸದಲ್ಲಿ ಪುಣೆಯಲ್ಲಿ ಬ್ರಾಹ್ಮಣ ಪಂಡಿತರಿಗೆ ದಕ್ಷಿಣೆ ಹಂಚುವ ಪದ್ಧತಿಯನ್ನಿಟ್ಟಿದ್ದರು. ೧೮೧೮ ರಲ್ಲಿ ಪೇಶವಾಯಿಯು ಅಳಿದ ಮೇಲೆ ಕಂಪನಿ ಸರಕಾರವು ಆ ದಕ್ಷಿಣೆಯನ್ನು ಒಮ್ಮೆಲೆ ನಿಲ್ಲಿಸದೆ, ೧೮೨೧ ರಲ್ಲಿ ಪುಣೆಯಲ್ಲಿ ಸಂಸ್ಕೃತ ಪಾಠಶಾಲೆಯನ್ನು ತೆರೆದು, ಕ್ರಮೇಣ ಆ ಹಣವನ್ನು ಶಿಕ್ಷಣದ ಕಡೆಗೆ ತಿರುಗಿಸಿತು. ಮುಂದೆ ಅದೇ ನಿಧಿಯಿಂದ ದಕ್ಷಿಣಾ ಫೆಲೋ ಎಂಬ ಪದವಿಗಳು ಏರ್ಪಟ್ಟವು. ನ್ಯಾಯಮೂರ್ತಿ ರಾನಡೆಯವರೂ ಡಾಕ್ಟರ್ ಭಾಂಡಾರಕರರೂ ತಾರುಣ್ಯದಲ್ಲಿ ಈ ಪದವಿಯಲ್ಲಿದ್ದವರೇ. ಕುಲಕ್ಕೆ ಸಲ್ಲುತ್ತಿದ್ದ ದಕ್ಷಿಣೆಯು ಪರೀಕ್ಷೆಗೆ ಸಲ್ಲುವ ವೇತನವಾದದ್ದು ಸಣ್ಣ ಮಾರ್ಪಾಡಲ್ಲ. ೧೮೫೭ ರಲ್ಲಿ ಮುಂಬಯಿ ವಿಶ್ವವಿದ್ಯಾಲಯವು ಸ್ಥಾಪಿತವಾಗಿ ೧೮೫೯ ರಲ್ಲಿ ಮೊದಲನೆಯ ಮ್ಯಾಟ್ರಿಕ್ ಪರೀಕ್ಷೆಯು ನಡೆದ ಮೇಲೆ, ಗುಣವೆಂಬುದು ಅಂಕಗಳ ರೂಪದಲ್ಲಿ ಎಲ್ಲರ ಕಣ್ಣಿಗೂ ಕಾಣುವ ವಸ್ತುವಾಯಿತು. ಬಾಗಿಲು ನಿಯಮದಲ್ಲಾದರೂ ಎಲ್ಲರಿಗೂ ತೆರೆಯಿತು. ಆದರೆ ಹೊಸ್ತಿಲಲ್ಲಿ ನಿಂತು ಕಾಯುವ ಕಾಲವೂ ಅಂದಿನಿಂದಲೇ ಆರಂಭವಾಯಿತು.

ಮುಂಬಯಿ ಕರ್ನಾಟಕದ ಹುಡುಗರಿಗೆ ಈ ಕಷ್ಟವು ಇಮ್ಮಡಿಯಾಗಿದ್ದಿತು. ೧೯೧೭ ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ತೆರೆಯುವ ವರೆಗೆ ಈ ಸೀಮೆಯಲ್ಲಿ ಒಂದೂ ಕಾಲೇಜಿರಲಿಲ್ಲ. ಮ್ಯಾಟ್ರಿಕ್ ಮುಗಿಸಿದವನು ಪುಣೆಗೋ ಮುಂಬಯಿಗೋ ಕೊಲ್ಲಾಪುರಕ್ಕೋ ಹೋಗಬೇಕು. ಭಾಷೆ ಪರಕೀಯ, ಊರು ಪರಕೀಯ, ನೆಂಟರಿಲ್ಲ. ತನ್ನ ಊರಿನಲ್ಲಾದರೆ ವಾರಾನ್ನದ ಪದ್ಧತಿಯಿಂದ ಸೋಮವಾರ ಒಬ್ಬರ ಮನೆಯಲ್ಲಿ, ಮಂಗಳವಾರ ಇನ್ನೊಬ್ಬರ ಮನೆಯಲ್ಲಿ ಉಂಡು ದಿನ ತಳ್ಳಬಹುದಾಗಿದ್ದಿತು. ಪರಸ್ಥಳದಲ್ಲಿ, ಅದರಲ್ಲಿಯೂ ಅನ್ಯ ಜಾತಿಯವರ ಪಂಕ್ತಿಯಲ್ಲಿ ಕುಳ್ಳಿರಿಸದ ಆ ಕಾಲದಲ್ಲಿ, ಆ ದಾರಿಯೂ ಅನೇಕರಿಗೆ ಮುಚ್ಚಿದ್ದಿತು.

ಇದನ್ನು ಕಂಡು ಮರುಗಿದ ಗಿಲಗಂಚಿ ಗುರುಸಿದ್ಧಪ್ಪನವರು, ರಾವಬಹಾದ್ದೂರ ಅರಟಾಳ ರುದ್ರಗೌಡರು ಮುಂತಾದ ಸಮಾಜಹಿತೈಷಿಗಳು ೧೮೮೩ ರಲ್ಲಿ ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಯನ್ನು ಸ್ಥಾಪಿಸಿ, ಚಂದಾ ಎತ್ತಿ, ಹುಡುಗರನ್ನು ಉಚ್ಚ ಶಿಕ್ಷಣಕ್ಕೆ ಕಳಿಸುವ ಕಾರ್ಯವನ್ನು ಕೈಕೊಂಡರು. ೧೯೦೬ ರಲ್ಲಿ ಲಿಂಗೈಕ್ಯರಾದ ಶಿರಸಂಗಿಯ ತ್ಯಾಗವೀರ ಲಿಂಗರಾಜರು ತಮ್ಮ ಸಂಸ್ಥಾನದ ಆಸ್ತಿಯನ್ನು ಮೃತ್ಯುಪತ್ರದ ಮೂಲಕ ಸಮಾಜದ ಮಕ್ಕಳ ವಿದ್ಯೆಗಾಗಿ ಮುಡಿಪಾಗಿಟ್ಟರು. ಪುಣೆಯಲ್ಲಿ ೧೮೮೪ ರಲ್ಲಿ ಹುಟ್ಟಿದ ಡೆಕ್ಕನ್ ಎಜ್ಯುಕೇಶನ್ ಸೊಸಾಯಿಟಿಯ ಮೇಲ್ಪಂಕ್ತಿಯನ್ನು ಕಣ್ಣೆದುರಿಗಿಟ್ಟುಕೊಂಡು ಏಳು ಮಂದಿ ಶಿಕ್ಷಕರು ೧೯೧೬ ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಎಜ್ಯುಕೇಶನ್ ಸೊಸಾಯಿಟಿಯನ್ನು ಕಟ್ಟಿ, ಅದರ ಮೊದಲನೆಯ ಹಾಯಸ್ಕೂಲಿಗೆ ಗಿಲಗಂಚಿ ಅರಟಾಳರ ಹೆಸರನ್ನಿಟ್ಟು ಹಿರಿಯರ ಋಣವನ್ನು ಸ್ಮರಿಸಿದರು. ೧೯೩೩ ರಲ್ಲಿ ಬೆಳಗಾವಿಯಲ್ಲಿ ಸ್ಥಾಪಿತವಾದ ಕಾಲೇಜು ಲಿಂಗರಾಜರ ಹೆಸರನ್ನು ಹೊತ್ತಿತು.

ಈ ಮಹನೀಯರ ಔದಾರ್ಯವನ್ನು ಎಷ್ಟು ಕೊಂಡಾಡಿದರೂ ಕಡಿಮೆಯೇ. ಆದರೂ ನಿಧಿಯೆಂಬುದರ ಸ್ವಭಾವವನ್ನು ವಿಚಾರಿಸಬೇಕು. ಮೂಲಧನವನ್ನು ಮುಟ್ಟದೆ ಅದರ ಉತ್ಪನ್ನದಿಂದ ವೇತನ ಕೊಡಬೇಕಾದಲ್ಲಿ ವೇತನಗಳ ಸಂಖ್ಯೆಯು ಮಿತವಾಗಿರುವದು. ಸಂಖ್ಯೆಯು ಮಿತವಾಗಿರುವಾಗ ಆಯ್ಕೆಯು ಅನಿವಾರ್ಯ. ಆಯ್ಕೆಯು ನಿಷ್ಪಕ್ಷಪಾತವಾಗಿರಬೇಕಾದರೆ ಎಲ್ಲ ಅರ್ಜಿಗಳನ್ನೂ ಕೂಡಿಸಿ ತೂಗಬೇಕು. ತೂಗುವದಕ್ಕೆ ಕಾಲ ಬೇಕು. ಆದುದರಿಂದ ವಿಳಂಬಕ್ಕೆ ಯಾವಾಗಲೂ ಅಧಿಕಾರಿಗಳ ಆಲಸ್ಯವೇ ಕಾರಣವೆಂದು ಹೇಳಲಾಗದು. ನ್ಯಾಯವಾಗಿ ನಡೆಯುವ ಆಯ್ಕೆಯಲ್ಲಿಯೇ ಸ್ವಲ್ಪ ವಿಳಂಬವು ಅಡಗಿಕೊಂಡಿದೆ. ಕಾಯುವವನ ಹೊಟ್ಟೆಗೆ ಮಾತ್ರ ಈ ತರ್ಕವು ತಿಳಿಯದು.

ಶಿಷ್ಯವೇತನವು ಸಕಾಲದಲ್ಲಿ ದೊರೆತರೆ ಏನಾಗಬಹುದು, ಅದರ ಅವಧಿ ಮುಗಿದರೆ ಏನಾಗುವದು ಎಂಬುದಕ್ಕೆ ಡಾಕ್ಟರ್ ಭೀಮರಾವ ಅಂಬೇಡಕರರ ಜೀವಿತವೇ ನಿದರ್ಶನವಾಗಿದೆ. ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಅವರು ಓದುತ್ತಿದ್ದಾಗ ಬಡೋದೆಯ ಸಯಾಜಿರಾವ ಮಹಾರಾಜರು ತಿಂಗಳಿಗೆ ೨೫ ರೂಪಾಯಿಗಳ ವೇತನವನ್ನು ಕೊಟ್ಟರು. ೧೯೧೨ ರಲ್ಲಿ ಅವರು ಬಿ. ಎ. ಪದವಿಯನ್ನು ಪಡೆದರು. ೧೯೧೩ ರ ಆರಂಭದಲ್ಲಿ ತಂದೆಯು ತೀರಿಕೊಂಡರು. ಅದೇ ವರ್ಷ ಬಡೋದೆ ಸಂಸ್ಥಾನವು ಮೂರು ವರ್ಷಗಳ ವೇತನವನ್ನು ಮಂಜೂರು ಮಾಡಿದ್ದರಿಂದ, ಹತ್ತು ವರ್ಷ ಸಂಸ್ಥಾನದ ಸೇವೆ ಮಾಡುವೆನೆಂದು ಕರಾರು ಬರೆದುಕೊಟ್ಟು ಅವರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ತೆರಳಿದರು. ಆದರೆ ಲಂಡನ್ನಿನಲ್ಲಿ ಅಭ್ಯಾಸವು ಅರ್ಧಕ್ಕೆ ಬಂದಾಗ ವೇತನದ ಅವಧಿಯು ತೀರಿ, ೧೯೧೭ ರಲ್ಲಿ ಹಿಂತಿರುಗಬೇಕಾಯಿತು. ಪುನಃ ೧೯೨೦ ರಲ್ಲಿಯೇ, ತಾವು ಕೂಡಿಟ್ಟ ಹಣದಿಂದಲೂ ಕೊಲ್ಲಾಪುರದ ಶಾಹೂ ಮಹಾರಾಜರ ನೆರವಿನಿಂದಲೂ ಸ್ನೇಹಿತರ ಸಾಲದಿಂದಲೂ, ಅವರು ಲಂಡನ್ನಿಗೆ ಹೋಗಲು ಸಾಧ್ಯವಾದದ್ದು. ಅಂಥ ಅಸಾಮಾನ್ಯ ಪ್ರತಿಭೆಯೂ ಹಣಕ್ಕಾಗಿ ಮೂರು ವರ್ಷ ನಿಲ್ಲಬೇಕಾಯಿತೆಂದ ಮೇಲೆ ಸಾಮಾನ್ಯರ ಪಾಡೇನು?

ಆ ಸಾಮಾನ್ಯರ ಹೆಸರುಗಳು ಎಲ್ಲಿಯೂ ಸಿಕ್ಕುವದಿಲ್ಲವೆಂಬುದೇ ಈ ಇತಿಹಾಸದ ದುಃಖಕರವಾದ ಭಾಗವು. ವೇತನ ಪಡೆದವರ ಪಟ್ಟಿಗಳು ವರದಿಗಳಲ್ಲಿ ಅಚ್ಚಾಗಿ ಉಳಿಯುವವು. ಪಟ್ಟಿಯು ಹೊರಡುವ ಮೊದಲೇ ಗಂಟು ಕಟ್ಟಿಕೊಂಡು ಊರಿಗೆ ಮರಳಿದವರ ಪಟ್ಟಿಯನ್ನು ಯಾವ ಸಂಸ್ಥೆಯೂ ಇಟ್ಟಿಲ್ಲ. ಅವರು ಗುಣದಲ್ಲಿ ಸೋತವರಲ್ಲ; ಕಾಲದಲ್ಲಿ ಸೋತವರು.

ಇಲ್ಲಿಯೇ ಉಚಿತ ವಿದ್ಯಾರ್ಥಿ ನಿಲಯಗಳ ಮಹತ್ವವು ಪ್ರಕಟವಾಗುವದು. ಶಾಹೂ ಮಹಾರಾಜರು ಈ ಮರ್ಮವನ್ನು ಚೆನ್ನಾಗಿ ಅರಿತಿದ್ದರು. ೧೯೦೧ ರಲ್ಲಿ ಮರಾಠಾ ವಿದ್ಯಾರ್ಥಿ ನಿಲಯದಿಂದ ಆರಂಭಿಸಿ, ಅವರು ಕೊಲ್ಲಾಪುರದಲ್ಲಿ ಒಂದೊಂದು ಸಮಾಜಕ್ಕೂ ವಸತಿಗೃಹವನ್ನು ಏರ್ಪಡಿಸಲು ನೆರವಾದರು. ೧೯೦೭ ರಲ್ಲಿ ಅಲ್ಲಿ ವೀರಶೈವ ಲಿಂಗಾಯತ ವಿದ್ಯಾರ್ಥಿಗಳಿಗೂ ನಿಲಯವಾಯಿತು. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳವರು ಉಚಿತ ಪ್ರಸಾದ ನಿಲಯವನ್ನು ನಡೆಸಿದರು. ತುಮಕೂರಿನ ಸಿದ್ಧಗಂಗೆಯಲ್ಲಿ ಉದ್ದಾನ ಶಿವಯೋಗಿಗಳವರು ೧೯೧೭ ರಲ್ಲಿ ಸಂಸ್ಕೃತ ಪಾಠಶಾಲೆಯನ್ನು ತೆರೆದರು. ಅವರ ಉತ್ತರಾಧಿಕಾರಿಗಳೂ ೨೦೧೯ ರಲ್ಲಿ ಲಿಂಗೈಕ್ಯರಾದವರೂ ಆದ ಡಾ. ಶಿವಕುಮಾರ ಮಹಾಸ್ವಾಮಿಗಳವರ ಕಾಲದಲ್ಲಿ ಆ ಮಠದ ದಾಸೋಹವು ಜಾತಿಮತಗಳ ಎಣಿಕೆಯಿಲ್ಲದೆ ಸಾವಿರಾರು ಮಕ್ಕಳಿಗೆ ಅನ್ನವನ್ನೂ ಆಶ್ರಯವನ್ನೂ ಒದಗಿಸಿತು.

ಶಿಷ್ಯವೇತನಕ್ಕೂ ಪ್ರಸಾದ ನಿಲಯಕ್ಕೂ ಇರುವ ಭೇದವನ್ನು ವಾಚಕರು ಗಮನಿಸಬೇಕು. ವೇತನವು ಮೊದಲು ಗುಣವನ್ನು ಕೇಳುವದು, ಆಮೇಲೆ ಅನ್ನವನ್ನು ಕೊಡುವದು. ಪ್ರಸಾದ ನಿಲಯವು ಮೊದಲು ಅನ್ನವನ್ನು ಕೊಡುವದು. ಗುಣವು ಆಮೇಲೆ ತಾನಾಗಿಯೇ ಬೆಳಗುವದು. ಅಂಕಪಟ್ಟಿಯನ್ನು ನೋಡಿ ದಾಸೋಹ ಮಾಡುವ ರೂಢಿ ಎಲ್ಲಿಯೂ ಇಲ್ಲವಷ್ಟೆ. ಕಂತಿಭಿಕ್ಷೆಯ ಜೋಳಿಗೆಯಲ್ಲಿ ಒಕ್ಕಲಿಗನು ಹಾಕಿದ ಒಂದು ಹಿಡಿ ಜೋಳಕ್ಕೆ ಸಮಿತಿಯ ಮಂಜೂರಾತಿ ಬೇಕಿಲ್ಲ. ಅದು ಅಂದಿನ ಸಂಜೆಯೇ ರೊಟ್ಟಿಯಾಗಿ ಹುಡುಗನ ತಾಟಿಗೆ ಬೀಳುವದು. ಹೀಗೆ ವಿಶ್ವವಿದ್ಯಾಲಯವು ತೆರೆದ ಬಾಗಿಲಿನ ಮುಂದೆ ಹಸಿದು ನಿಂತವನಿಗೆ ಮಠವು ಒಳಗೆ ಹೋಗುವ ವರೆಗೆ ಆಸರೆಯಾಯಿತು. ಸಾಲೋಟಗಿಯ ಮುಂಚಿತವಾದ ಅನ್ನ, ಹೊಸ ಕಾಲದ ಮುಕ್ತವಾದ ಪ್ರವೇಶ, ಈ ಎರಡೂ ಅಲ್ಲಿ ಕೂಡಿಬಂದವು.

ಇದು ಮುಗಿದ ಕಥೆಯೆಂದು ಯಾರೂ ತಿಳಿಯಬಾರದು. ಭಾರತ ಸರಕಾರವು ೧೯೪೪ ರಲ್ಲಿಯೇ ಪರಿಶಿಷ್ಟ ಜಾತಿಗಳ ವಿದ್ಯಾರ್ಥಿಗಳಿಗೆ ಮ್ಯಾಟ್ರಿಕ್ ನಂತರದ ಶಿಷ್ಯವೇತನವನ್ನು ಆರಂಭಿಸಿತು. ೨೦೦೮ ರಲ್ಲಿ, ಹನ್ನೆರಡನೆಯ ತರಗತಿಯಲ್ಲಿ ಉಚ್ಚ ಶ್ರೇಣಿಯಲ್ಲಿ ತೇರ್ಗಡೆಯಾದ ಅಲ್ಪ ಆದಾಯದ ಕುಟುಂಬಗಳ ಮಕ್ಕಳಿಗಾಗಿ, ವರ್ಷಕ್ಕೆ ೮೨,೦೦೦ ಹೊಸ ವೇತನಗಳ ಕೇಂದ್ರೀಯ ಯೋಜನೆಯು ಬಂದಿತು. ಈಗ ಅರ್ಜಿಯು ಕಾಗದದಲ್ಲಿ ಹೋಗದೆ ಗಣಕಯಂತ್ರದ ಮೂಲಕ ಹೋಗುವದು. ಹಣವು ನೇರವಾಗಿ ವಿದ್ಯಾರ್ಥಿಯ ಬ್ಯಾಂಕಿನ ಖಾತೆಗೆ ಬರುವದು. ಆದರೂ ಮೊದಲು ಪ್ರವೇಶ, ಅನಂತರ ಅರ್ಜಿ, ಅನಂತರ ಕಾಲೇಜಿನವರ ಪರಿಶೀಲನೆ, ಆ ಮೇಲೆ ರಾಜ್ಯದ ಪರಿಶೀಲನೆ, ಕಡೆಗೆ ಪಟ್ಟಿ, ಎಂಬ ಹಳೆಯ ಕ್ರಮವು ಹಾಗೆಯೇ ಉಳಿದಿದೆ. ಖಾತೆಯಲ್ಲಿ ಹಣ ಬಿದ್ದಿತೇ ಎಂದು ದಿನವೂ ನೋಡಿ ನೋಡಿ ನಿಟ್ಟುಸಿರುಬಿಡುವ ಮಕ್ಕಳನ್ನು ಪ್ರಸಾದ ನಿಲಯಗಳ ಪಡಸಾಲೆಗಳಲ್ಲಿ ಇಂದಿಗೂ ಕಾಣಬಹುದು. ಒಂದೇ ಸಮಾಧಾನವೇನೆಂದರೆ, ಆ ಮಕ್ಕಳು ಉಂಡು ಕಾಯುತ್ತಾರೆ.

ಆದುದರಿಂದ ದತ್ತಿ ಇಡಬಯಸುವ ಸದ್ಭಕ್ತರಲ್ಲಿಯೂ ಅದನ್ನು ನಡೆಸುವ ಸಮಿತಿಗಳಲ್ಲಿಯೂ ನಮ್ಮ ವಿಜ್ಞಾಪನೆ ಇಷ್ಟೇ. ಹೊಸ ವೇತನಗಳನ್ನು ಸ್ಥಾಪಿಸುವದು ಪುಣ್ಯಕಾರ್ಯವೇ ಸರಿ; ಆದರೆ ನಿಧಿಯ ಒಂದು ಭಾಗವನ್ನಾದರೂ ನಿರ್ಣಯದ ಪೂರ್ವಕಾಲಕ್ಕೆ ಮೀಸಲಿಡಿರಿ. ನಿರ್ಣಯದ ದಿನವನ್ನು ಮುಂಚಿತವಾಗಿ ಪ್ರಕಟಿಸಿ ಆ ದಿನವನ್ನು ಮೀರದಿರಿ. ವೇತನ ದೊರೆಯದವನಿಗೂ ಒಂದು ಮಾತಿನ ಉತ್ತರವನ್ನು ಬೇಗನೆ ಕಳಿಸಿರಿ. ಏಕೆಂದರೆ ಇಲ್ಲವೆಂಬ ಮಾತನ್ನು ಬೇಗ ಕೇಳಿದವನು ಬೇರೆ ದಾರಿಯನ್ನು ಹುಡುಕಬಲ್ಲನು, ಏನನ್ನೂ ಕೇಳದವನು ನಿಂತಲ್ಲಿಯೇ ನಿಲ್ಲುವನು. ಹತ್ತು ಶತಕಗಳ ಹಿಂದೆ ಮಂತ್ರಿ ನಾರಾಯಣನು ವಿದ್ಯಾರ್ಥಿಯು ಬರುವ ಮುನ್ನವೇ ಆತನ ದೀಪಕ್ಕೆ ಎಣ್ಣೆಯನ್ನು ಎಣಿಸಿದ್ದನು. ಅಷ್ಟು ಮುಂದಾಲೋಚನೆಯು ನಮ್ಮ ಕಾಲದ ದಾನಕ್ಕೂ ಬರಲಿ, ಅದರ ಫಲವು ಎಲ್ಲ ಕುಲದ ಮಕ್ಕಳಿಗೂ ಸಲ್ಲಲಿ ಎಂದು ಪ್ರಾರ್ಥಿಸಿ ಈ ಲೇಖನವನ್ನು ಮುಗಿಸುತ್ತೇನೆ.

ಇತಿ ಶಿವಮ್.