ಮುದಗಲ್ಲೆಂಬ ಸ್ಥಳನಾಮವೂ ಪುಸ್ತಕಭಂಡಾರದ ಗಣಕಸೂಚಿಯೂ

ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲೂಕಿಗೆ ಸೇರಿದ ಮುದಗಲ್ಲು, ಕೃಷ್ಣಾ ತುಂಗಭದ್ರೆಗಳ ನಡುವಣ ದೋಆಬಿನ ಮುಖ್ಯ ದುರ್ಗಗಳಲ್ಲೊಂದು. ವಿಜಯನಗರದ ಅರಸರಿಗೂ ಬಹಮನಿ ಸುಲ್ತಾನರಿಗೂ, ತರುವಾಯ ಬಿಜಾಪುರದ ಆದಿಲಶಾಹಿಗಳಿಗೂ ನಡೆದ ಕಲಹಗಳಲ್ಲಿ ಇದರ ಹೆಸರು ಮೇಲಿಂದ ಮೇಲೆ ಬರುತ್ತದೆ. ೧೪೦೬ರಲ್ಲಿ ಒಂದನೆಯ ದೇವರಾಯನಿಗೂ ಫಿರೋಜಶಹನಿಗೂ ನಡೆದ ಯುದ್ಧಕ್ಕೆ ಮುದಗಲ್ಲಿನ ಅಕ್ಕಸಾಲಿಗನ ಮಗಳೊಬ್ಬಳು ನಿಮಿತ್ತಳಾದಳೆಂದು ಫಿರಿಸ್ತನು ಬರೆದಿರುವುದು ಚರಿತ್ರೆಯನ್ನೋದುವವರೆಲ್ಲರಿಗೂ ತಿಳಿದ ವಿಷಯ. ಇಂತಹ ಸ್ಥಳವನ್ನು ಕುರಿತ ಪುಸ್ತಕಗಳು ಭಂಡಾರದ ಕಪಾಟಿನಲ್ಲಿದ್ದರೂ, ಅಲ್ಲಿಯ ಗಣಕಯಂತ್ರದ ಸೂಚಿಯಲ್ಲಿ ಊರಿನ ಹೆಸರನ್ನು ಕೇಳಿದಾಗ ಯಾವ ಗ್ರಂಥವೂ ಇಲ್ಲವೆಂಬ ಉತ್ತರ ಬರುವುದುಂಟು. ಈ ದೋಷವು ಎಲ್ಲಿಂದ ಹುಟ್ಟುತ್ತದೆ, ಅದನ್ನು ತಿದ್ದುವ ಬಗೆ ಯಾವುದು, ಯಾವ ತಿದ್ದುಪಾಟು ಮೂಲದೋಷಕ್ಕಿಂತಲೂ ಹಾನಿಕರ ಎಂಬುದು ಇಲ್ಲಿ ವಿಚಾರಿಸತಕ್ಕ ಸಂಗತಿ. ಇದು ಯಂತ್ರಶಿಲ್ಪಿಗಳಿಗೆ ಮಾತ್ರ ಬಿಟ್ಟುಕೊಡತಕ್ಕ ವಿಷಯವಲ್ಲ. ಪಾಠಾಂತರಗಳನ್ನು ತೂಗಿ ನೋಡುವ ಗ್ರಂಥಸಂಪಾದಕರಿಗೆ ಇದರ ತಿರುಳು ಬಹುಕಾಲದಿಂದ ಪರಿಚಿತವಾದುದು.

೧. ಹೆಸರಿನ ರೂಪಗಳು

ಈ ಊರಿನ ಹೆಸರು ಕನ್ನಡದಲ್ಲಿಯೇ ಮುದಗಲ್, ಮುದಗಲ್ಲು, ಮುದುಗಲ್ಲು, ಮುದ್ಗಲ್ ಎಂದು ಹಲವು ಬಗೆಯಾಗಿ ಬರೆಯಲ್ಪಟ್ಟಿದೆ. ರಾಯಚೂರು ಸೀಮೆಯು ೧೯೪೮ರ ವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದುದರಿಂದಲೂ, ಅಲ್ಲಿ ಮೊದಲು ಪಾರಸಿ, ಬಳಿಕ ಉರ್ದು ಸರಕಾರದ ಭಾಷೆಗಳಾಗಿದ್ದುದರಿಂದಲೂ, ಹಳೆಯ ಕಾಗದಪತ್ರಗಳಲ್ಲಿ ಹೆಸರು ಪಾರಸಿ ಲಿಪಿಯಲ್ಲಿ ಕಾಣುತ್ತದೆ. ಆ ಲಿಪಿಯಲ್ಲಿ ಹ್ರಸ್ವಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ಮ, ದ, ಗ, ಲ ಎಂಬ ನಾಲ್ಕು ವ್ಯಂಜನಗಳನ್ನು ಓದುಗನು ಮುದಗಲ್ ಎಂದಾದರೂ ಓದಬಹುದು, ಮುದುಗಲ್ ಎಂದಾದರೂ ಓದಬಹುದು. ಹಳೆಯ ಪಾರಸಿ ಪ್ರತಿಗಳಲ್ಲಿ ಕಕಾರ ಗಕಾರಗಳ ಭೇದವನ್ನು ತೋರಿಸದಿರುವುದೂ ಸಾಮಾನ್ಯ. ೧೯೦೦ರಲ್ಲಿ ವಿಜಯನಗರದ ಚರಿತ್ರೆಯನ್ನು ಪ್ರಕಟಿಸಿದ ರಾಬರ್ಟ್ ಸಿವೆಲ್ಲರು ಈ ಊರನ್ನು ಮುದ್‌ಕಲ್ ಎಂದೇ ಬರೆದರು. ಇಂಗ್ಲಿಷಿನ ಇತರ ಗ್ರಂಥಗಳಲ್ಲಿ ಮುದ್ಗಲ್ ಎಂಬ ರೂಪವು ನೆಲೆಗೊಂಡಿತು.

ಈ ಭೇದಗಳೆಲ್ಲ ಅಲಕ್ಷ್ಯದ ಫಲಗಳೆಂದು ತಳ್ಳಿಬಿಡಲಾಗದು. ಹೆಸರಿನ ಉತ್ತರಪದವು ಕಲ್ ಎಂದಿಟ್ಟುಕೊಂಡರೆ, ಸಮಾಸದಲ್ಲಿ ಕಕಾರಕ್ಕೆ ಗಕಾರವು ಆದೇಶವಾಗಿ ಬರುವುದು ನಮ್ಮ ವ್ಯಾಕರಣಕ್ಕೆ ಸಹಜವಾದುದೇ. ಮುದ್‌ಕಲ್ ಎಂಬುದು ಪಾರಸಿ ಲಿಪಿಯ ಅಸ್ಪಷ್ಟತೆಯಿಂದ ಬಂದುದೋ, ಬೇರೆ ಉಚ್ಚಾರಣೆಯ ಕುರುಹೋ ಎಂಬುದನ್ನು ವಿಚಾರಿಸುವವನಿಗೆ ಆ ರೂಪವು ಆಯಾ ಗ್ರಂಥದಲ್ಲಿ ಇದ್ದಂತೆಯೇ ದೊರೆಯಬೇಕು.

೨. ಗಣಕಸೂಚಿಯ ಪೂರ್ವವೃತ್ತ

ಪುಸ್ತಕದ ವಿವರಗಳನ್ನು ಯಂತ್ರವು ಓದುವಂತೆ ಬರೆಯುವ ಮಾರ್ಕ್ ಎಂಬ ಪದ್ಧತಿಯನ್ನು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿ ಹೆನ್ರಿಯೆಟ್ ಆವ್ರಂ ಎಂಬಾಕೆಯ ನೇತೃತ್ವದಲ್ಲಿ ೧೯೬೬ರಿಂದ ಪ್ರಯೋಗಕ್ಕೆ ತಂದರು. ೧೯೭೦ರಲ್ಲಿ ಎಡ್ಗರ್ ಕಾಡ್ ಎಂಬ ವಿದ್ವಾಂಸನು ದತ್ತಾಂಶಗಳನ್ನು ಪರಸ್ಪರ ಸಂಬಂಧವುಳ್ಳ ಕೋಷ್ಟಕಗಳಲ್ಲಿ ಇಡುವ ಸಿದ್ಧಾಂತವನ್ನು ಮಂಡಿಸಿದನು. ೧೯೭೪ರಲ್ಲಿ ಚೇಂಬರ್ಲಿನ್, ಬಾಯ್ಸ್ ಎಂಬಿಬ್ಬರು ಆ ಕೋಷ್ಟಕಗಳನ್ನು ಪ್ರಶ್ನಿಸುವ ಭಾಷೆಯೊಂದನ್ನು ರಚಿಸಿದರು. ಅದೇ ಈಗ ಎಸ್‌ಕ್ಯೂಎಲ್ ಎಂದು ಪ್ರಸಿದ್ಧವಾಗಿದೆ. ನ್ಯೂಜಿಲೆಂಡಿನ ಹೊರೊವೆನುವಾ ಎಂಬಲ್ಲಿಯ ಪುಸ್ತಕಭಂಡಾರಗಳಿಗಾಗಿ ನಿರ್ಮಿತವಾಗಿ ೨೦೦೦ದ ಜನವರಿಯಲ್ಲಿ ಬಳಕೆಗೆ ಬಂದ ಕೋಹಾ ಎಂಬ ತಂತ್ರಾಂಶವು ಇವೆರಡನ್ನೂ ಆಶ್ರಯಿಸಿದೆ. ಮಾವೊರಿ ಭಾಷೆಯಲ್ಲಿ ಕೋಹಾ ಎಂದರೆ ಕಾಣಿಕೆ. ಹೆಸರಿಗೆ ತಕ್ಕಂತೆ ಅದು ಎಲ್ಲರಿಗೂ ಉಚಿತವಾಗಿ ದೊರೆಯುವುದರಿಂದ ಕರ್ಣಾಟಕದ ಅನೇಕ ವಿದ್ಯಾಸಂಸ್ಥೆಗಳಲ್ಲಿಯೂ ಬಳಕೆಯಲ್ಲಿದೆ.

ಇಂತಹ ತಂತ್ರಾಂಶದಲ್ಲಿ ಓದುಗನು ಕೇಳುವ ಮಾತು, "ಸ್ಥಳನಾಮವು ಮುದಗಲ್ ಎಂಬುದಕ್ಕೆ ಸಮನಾಗಿರುವ ಗ್ರಂಥಗಳನ್ನು ಕೊಡು" ಎಂಬ ಪ್ರಶ್ನೆಯಾಗಿ ಮಾರ್ಪಡುತ್ತದೆ. ಸಮನೆಂದರೆ ಏನು ಎಂಬಲ್ಲಿಯೇ ತೊಡಕೆಲ್ಲ ಇರುವುದು. ಮನುಷ್ಯನು ಅಕ್ಷರದ ಆಕಾರವನ್ನು ನೋಡುತ್ತಾನೆ; ಯಂತ್ರವು ಅಕ್ಷರಕ್ಕೆ ಕೊಟ್ಟ ಸಂಕೇತಸಂಖ್ಯೆಯನ್ನು ನೋಡುತ್ತದೆ. ಕನ್ನಡಾಕ್ಷರಗಳಿಗೆ ಜಗತ್ತಿನಲ್ಲೆಲ್ಲ ಒಂದೇ ಸಂಖ್ಯೆಯನ್ನು ಗೊತ್ತುಪಡಿಸಿದ ಯೂನಿಕೋಡ್ ೧೯೯೧ರಲ್ಲಿಯೇ ಪ್ರಕಟವಾಗಿದ್ದರೂ, ಕಣ್ಣಿಗೆ ಒಂದಾಗಿರುವುದು ಯಂತ್ರಕ್ಕೆ ಎರಡಾಗುವ ಸಂದರ್ಭಗಳು ಉಳಿದೇ ಇವೆ.

೩. ದೋಷಗಳ ವಿಭಾಗ

ಮೊದಲನೆಯದು ಕಾಣದ ಅಕ್ಷರ. ಮುದಗಲ್ ಎಂಬುದು ವ್ಯಂಜನಾಂತವಾದ ಶಬ್ದ. ಇದಕ್ಕೆ ನಲ್ಲಿ ಎಂಬುದನ್ನು ಸೇರಿಸಿದರೆ ಲಕಾರಕ್ಕೆ ನಕಾರವು ಒತ್ತಾಗಿ ಹೋಗುವುದರಿಂದ, ಅದನ್ನು ತಡೆಯಲು ಬೆರಳಚ್ಚಿನವರು ಅಗಲವಿಲ್ಲದ ಅಸಂಯೋಜಕ ಚಿಹ್ನೆಯೊಂದನ್ನು ನಡುವೆ ಇಡುತ್ತಾರೆ. ಕೆಲವರು ಅಭ್ಯಾಸಬಲದಿಂದ ಪದಾಂತ್ಯದಲ್ಲಿಯೂ ಇದನ್ನು ಇಡುತ್ತಾರೆ. ಪುಟದ ಮೇಲೆ ಇದು ಕಾಣದು. ಆದರೆ ಸಂಖ್ಯೆಗಳನ್ನು ಇದ್ದಂತೆಯೇ ಹೋಲಿಸುವ ಕ್ರಮದಲ್ಲಿ, ಚಿಹ್ನೆಯುಳ್ಳ ಮುದಗಲ್ಲೇ ಬೇರೆ, ಇಲ್ಲದ ಮುದಗಲ್ಲೇ ಬೇರೆ.

ಎರಡನೆಯದು ಸೊನ್ನೆಯ ಭ್ರಾಂತಿ. ಲಿಂಗಸುಗೂರು ಎಂಬಲ್ಲಿ ಅನುಸ್ವಾರವಿರಬೇಕಾದ ಕಡೆ ಕನ್ನಡದ ಸೊನ್ನೆಯ ಅಂಕಿಯನ್ನೇ ಒತ್ತಿ ಲಿ೦ಗಸುಗೂರು ಎಂದು ಬರೆದಿರುವುದು ಹಲವೆಡೆ ಕಾಣುತ್ತದೆ. ಆಕಾರದಲ್ಲಿ ಎರಡೂ ಬಹುಮಟ್ಟಿಗೆ ಒಂದೇ. ಯಂತ್ರಕ್ಕೆ ಒಂದು ಅಕ್ಷರ, ಇನ್ನೊಂದು ಸಂಖ್ಯೆ.

ಮೂರನೆಯದು ಸ್ವರಚಿಹ್ನೆಯ ರಚನೆ. ಕೋಟೆ ಎಂಬುದರ ಮೊದಲಕ್ಷರದಲ್ಲಿರುವ ಓಕಾರದ ಗುರುತನ್ನು ಒಂದೇ ಸಂಕೇತವಾಗಿ ಬರೆಯಬಹುದು. ಎತ್ವ, ಕೊಂಬಿನ ಇಳಿ, ದೀರ್ಘ ಎಂಬ ಮೂರು ಸಂಕೇತಗಳಾಗಿಯೂ ಬರೆಯಬಹುದು. ಇವೆರಡೂ ಸಮಾನವೆಂದು ಯೂನಿಕೋಡ್ ವಿಧಿಸಿದೆಯಾದರೂ, ಆ ವಿಧಿಯನ್ನು ಪಾಲಿಸದ ಸೂಚಿಯಲ್ಲಿ ಅವು ಕೂಡುವುದಿಲ್ಲ.

ನಾಲ್ಕನೆಯದು ಹಳೆಯ ಲಿಪಿಸಂಕೇತ. ಮೊದಮೊದಲಿನ ನುಡಿ, ಬರಹ ಮುಂತಾದ ತಂತ್ರಾಂಶಗಳಲ್ಲಿ ರೋಮನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸುತ್ತಿದ್ದರು. ಆ ಅಚ್ಚಿನ ಮೊಳೆಗಳಿಲ್ಲದ ಯಂತ್ರದಲ್ಲಿ ಅದೇ ಬರಹವು ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತದೆ.

ಐದನೆಯದು ಎಲ್ಲಕ್ಕಿಂತ ಘೋರವಾದುದು. ಪಾಶ್ಚಾತ್ಯ ಭಾಷೆಗಳಿಗೆ ಮಾತ್ರ ಒಪ್ಪುವ ಸಂಕೇತಕ್ರಮದ ಕೋಷ್ಟಕಕ್ಕೆ ಕನ್ನಡವನ್ನು ತುಂಬಿದರೆ, ಒಂದೊಂದು ಸಂಕೇತಕ್ಕೆ ಒಂದೊಂದು ಪ್ರಶ್ನಾರ್ಥಕ ಚಿಹ್ನೆ ಉಳಿಯುವುದುಂಟು. ಮೈಎಸ್‌ಕ್ಯೂಎಲ್ ಎಂಬ ಪ್ರಸಿದ್ಧ ದತ್ತಸಂಚಯದಲ್ಲಿ ೨೦೧೮ರ ಎಂಟನೆಯ ಆವೃತ್ತಿಯ ವರೆಗೂ ಬೇರೆ ಹೇಳದಿದ್ದರೆ ಅಂತಹ ಪಾಶ್ಚಾತ್ಯ ಕ್ರಮವೇ ಗೊತ್ತಾಗಿತ್ತು. ಮಸ್ಕಿ ಎಂಬುದರಲ್ಲಿ ಸಂಕೇತಗಳು ಐದು. ಬೀದರ್ ಎಂಬುದರಲ್ಲಿಯೂ ಐದು. ಹೀಗಾಗಿ ಎರಡೂ ಐದು ಪ್ರಶ್ನಚಿಹ್ನೆಗಳಾಗಿ ಒಂದೇ ಊರಾಗಿಬಿಡುತ್ತವೆ. ಮೇಲಿನ ನಾಲ್ಕು ದೋಷಗಳಲ್ಲಿ ಮೂಲವು ಉಳಿದಿರುತ್ತದೆ. ಇಲ್ಲಿ ಮೂಲವೇ ನಷ್ಟವಾಗುವುದರಿಂದ ಪುಸ್ತಕವನ್ನು ಮತ್ತೆ ಕೈಗೆತ್ತಿಕೊಂಡು ನೋಡದೆ ಗತಿಯಿಲ್ಲ.

ಈ ಐದೂ ಲಿಪಿಕಾರನ ಕೈತಪ್ಪಿನ ಜಾತಿಗೆ ಸೇರಿದವು. ಮುದಗಲ್, ಮುದುಗಲ್ಲು, ಮುದ್‌ಕಲ್ ಎಂಬ ಭೇದಗಳಾದರೋ ನಿಜವಾದ ಪಾಠಾಂತರಗಳು. ಈ ಎರಡು ಜಾತಿಗಳನ್ನು ಬೇರ್ಪಡಿಸದೆ ತಿದ್ದಲು ಹೊರಟದ್ದೇ ಮುಂದಿನ ಅನರ್ಥಗಳಿಗೆ ಕಾರಣ.

೪. ತಪ್ಪು ಚಿಕಿತ್ಸೆಗಳು

ಸುಲಭವಾಗಿ ತೋರುವ ಒಂದು ಉಪಾಯವೆಂದರೆ ಸಮಾನತೆಯ ಪ್ರಶ್ನೆಯನ್ನು ಸಡಿಲಿಸಿ, "ಮುದ ಎಂದು ಮೊದಲಾಗುವುದನ್ನೆಲ್ಲ ಕೊಡು" ಎಂದು ಕೇಳುವುದು. ಆಗ ಮುದಗಲ್ಲಿನ ಕೋಟೆಯೂ ಬರುತ್ತದೆ. ಅದರೊಡನೆ ಮುದ್ದಣನೂ ಬರುತ್ತಾನೆ, ಕೆಂಪುನಾರಾಯಣನ ಮುದ್ರಾಮಂಜೂಷವೂ ಬರುತ್ತದೆ. ಏಕೆಂದರೆ ಯಂತ್ರದ ಲೆಕ್ಕದಲ್ಲಿ ಮುದ್ ಎಂಬುದು ಮುದ ಎಂಬುದರ ಮೇಲೆ ವಿರಾಮಚಿಹ್ನೆಯನ್ನು ಇಟ್ಟದ್ದು ಮಾತ್ರ. ಪದದ ನಡುವೆ ಎಲ್ಲಿದ್ದರೂ ಸರಿಯೆಂದು ಕೇಳಿದರೆ, ಅಕಾರಾದಿಯ ಸೂಚಿಯು ಉಪಯೋಗಕ್ಕೆ ಬಾರದೆ ಯಂತ್ರವು ಪ್ರತಿಯೊಂದು ದಾಖಲೆಯನ್ನೂ ಓದಿ ನೋಡಬೇಕಾಗುತ್ತದೆ. ಓದುಗನ ವೇಳೆಯನ್ನು ಉಳಿಸಬೇಕೆಂದು ೧೯೩೧ರಲ್ಲಿಯೇ ಗ್ರಂಥಾಲಯಶಾಸ್ತ್ರದ ನಿಯಮಗಳಲ್ಲಿ ವಿಧಿಸಿದ ಎಸ್. ಆರ್. ರಂಗನಾಥನ್ ಅವರ ಆಶಯಕ್ಕೆ ಇದು ವಿರುದ್ಧ.

ಎರಡನೆಯ ಉಪಾಯವು ನೋಡಲು ಅಚ್ಚುಕಟ್ಟಾದುದು, ಆದರೆ ಹೆಚ್ಚು ಅಪಾಯದ್ದು. ದತ್ತಸಂಚಯದಲ್ಲಿರುವ ಎಲ್ಲ ರೂಪಗಳನ್ನೂ ಒಂದೇ ಆಜ್ಞೆಯಿಂದ ಮುದಗಲ್ ಎಂದು ಬದಲಿಸಿಬಿಡುವುದು. ಪ್ರಶ್ನೆಗೆ ಉತ್ತರವೇನೋ ಬರುತ್ತದೆ. ಆದರೆ ಯಾವ ಮುಖಪತ್ರದ ಮೇಲೆ ಯಾವ ರೂಪವಿತ್ತೆಂಬ ಸಾಕ್ಷ್ಯವು ಅಲ್ಲಿಗೆ ಅಳಿಯಿತು. ಓಲೆಗರಿಯ ಪಾಠಾಂತರಗಳನ್ನೆಲ್ಲ ಹರಿದುಹಾಕಿ ಒಂದೇ ಪಾಠವನ್ನು ಉಳಿಸಿದ ಸಂಪಾದಕನನ್ನು ವಿದ್ವಾಂಸರು ಒಪ್ಪುವುದಿಲ್ಲ. ಸೂಚಿಕಾರನಿಗೆ ಬೇರೊಂದು ನ್ಯಾಯವಿಲ್ಲ.

೫. ಯೋಗ್ಯವಾದ ತಿದ್ದುಪಾಟು

ದೋಷವಿರುವುದು ಹೋಲಿಕೆಯಲ್ಲಿಯಾದುದರಿಂದ ಹೋಲಿಕೆಯನ್ನೇ ತಿದ್ದತಕ್ಕದ್ದು. ಮುಖಪತ್ರದ ರೂಪವನ್ನು ಇದ್ದಂತೆಯೇ ಒಂದು ಅಂಕಣದಲ್ಲಿಟ್ಟು, ಅದರ ಪಕ್ಕದಲ್ಲಿ ಹುಡುಕುವುದಕ್ಕೆಂದೇ ಇನ್ನೊಂದು ಅಂಕಣವನ್ನು ನಿರ್ಮಿಸಬೇಕು. ಈ ಎರಡನೆಯದರಲ್ಲಿ ಕಾಣದ ಚಿಹ್ನೆಗಳನ್ನು ತೆಗೆದು, ಅಕ್ಷರಗಳ ನಡುವೆ ಸಿಕ್ಕಿದ ಸೊನ್ನೆಯ ಅಂಕಿಯನ್ನು ಅನುಸ್ವಾರವಾಗಿಸಿ, ಬಿಡಿಸಿ ಬರೆದ ಸ್ವರಚಿಹ್ನೆಗಳನ್ನು ಕೂಡಿಸಬೇಕು. ಓದುಗನ ಪ್ರಶ್ನೆಯನ್ನೂ ಇದೇ ಸಂಸ್ಕಾರಕ್ಕೆ ಒಳಪಡಿಸಿದ ಬಳಿಕವೇ ಹೋಲಿಸಬೇಕು. ಪ್ರಶ್ನೆಯನ್ನು ಬಿಟ್ಟು ದಾಖಲೆಯನ್ನು ಮಾತ್ರ ಸಂಸ್ಕರಿಸಿದರೆ ದೋಷವು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯುತ್ತದೆಯೇ ಹೊರತು ಹೋಗುವುದಿಲ್ಲ. ಮುದಗಲ್ಲಿನ, ಮುದಗಲ್ಲಿಗೆ ಎಂಬ ವಿಭಕ್ತಿರೂಪಗಳಿಂದ ಪ್ರಕೃತಿಯನ್ನು ಬೇರ್ಪಡಿಸುವ ಕೆಲಸಕ್ಕೆ ವ್ಯಾಕರಣಜ್ಞರ ನೆರವೂ ಬೇಕು.

ನಿಜವಾದ ಪಾಠಾಂತರಗಳಿಗೆ ಈ ಸಂಸ್ಕಾರವು ಸಾಲದು. ಅವುಗಳಿಗೆ ಮಾರ್ಕ್ ಪದ್ಧತಿಯಲ್ಲಿಯೇ ಪ್ರಮಾಣದಾಖಲೆಯೆಂಬ ಏರ್ಪಾಟುಂಟು. ಅದರಲ್ಲಿ ೧೫೧ನೆಯ ಕ್ಷೇತ್ರದಲ್ಲಿ ಸ್ಥಳದ ಅಂಗೀಕೃತ ರೂಪವನ್ನೂ ೪೫೧ನೆಯ ಕ್ಷೇತ್ರದಲ್ಲಿ ಇತರ ರೂಪಗಳನ್ನೂ ಬರೆಯುತ್ತಾರೆ. ಮುದ್‌ಕಲ್ ಎಂದು ಕೇಳಿದವನನ್ನು ಸೂಚಿಯು ಮುದಗಲ್ ಎಂಬಲ್ಲಿಗೆ ಕರೆದೊಯ್ಯುತ್ತದೆ. ಯಾವ ಗ್ರಂಥದ ಅಕ್ಷರವೂ ಬದಲಾಗುವುದಿಲ್ಲ.

ಈ ನ್ಯಾಯಕ್ಕೆ ನಿದರ್ಶನವು ಅದೇ ಜಿಲ್ಲೆಯಲ್ಲಿಯೇ ಇದೆ. ದೇವಾನಾಂಪ್ರಿಯ ಪ್ರಿಯದರ್ಶಿಯೆಂಬ ಹೆಸರಿನ ಶಾಸನಗಳನ್ನು ೧೮೩೭ರಲ್ಲಿ ಜೇಮ್ಸ್ ಪ್ರಿನ್ಸೆಪ್ ಓದಿದಾಗ ಆ ದೊರೆ ಯಾರೆಂಬುದು ಮೊದಲು ತಿಳಿಯಲಿಲ್ಲ. ಸಿಂಹಳದ ಗ್ರಂಥಗಳ ಆಧಾರದಿಂದ ಅವನು ಅಶೋಕನೆಂದು ಟರ್ನರ್ ತೋರಿಸಿದನು. ೧೯೧೫ರಲ್ಲಿ ಮಸ್ಕಿಯಲ್ಲಿ ಬೀಡನ್ ಎಂಬ ಗಣಿಯ ಇಂಜಿನಿಯರನಿಗೆ ಸಿಕ್ಕಿದ ಶಾಸನದಲ್ಲಿ, ಅವನ ಶಾಸನಗಳ ಪೈಕಿ ಮೊದಲ ಬಾರಿಗೆ, ಅಶೋಕನೆಂಬ ಹೆಸರೇ ಕಂಡಿತು, ಅದನ್ನು ಎಚ್. ಕೃಷ್ಣಶಾಸ್ತ್ರಿಗಳು ಪ್ರಕಟಿಸಿದರು. ಎರಡು ಹೆಸರುಗಳು ಒಬ್ಬನವೇ ಎಂದು ಸ್ಥಿರಪಟ್ಟಿತು. ಹಾಗೆಂದು ಇತರ ಶಾಸನಗಳ ಪಾಠದಲ್ಲಿ ಪ್ರಿಯದರ್ಶಿಯನ್ನು ಅಳಿಸಿ ಅಶೋಕನೆಂದು ಯಾರೂ ಬರೆಯಲಿಲ್ಲ. ಎರಡನ್ನೂ ಉಳಿಸಿಕೊಂಡು ನಡುವೆ ಸಂಬಂಧವನ್ನು ಕಲ್ಪಿಸಿದರು.

ಗಣಕಸೂಚಿಯಲ್ಲಿ ಆಗಬೇಕಾದುದೂ ಇಷ್ಟೇ. ಕೈತಪ್ಪುಗಳನ್ನು ಹೋಲಿಕೆಯ ಅಂಕಣದಲ್ಲಿ ತಿದ್ದಬೇಕು; ಪಾಠಾಂತರಗಳನ್ನು ಪ್ರಮಾಣದಾಖಲೆಯಲ್ಲಿ ಬೆಸೆಯಬೇಕು; ಮುಖಪತ್ರದ ಮಾತನ್ನು ಮುಟ್ಟಬಾರದು. ಸೂಚಿಯಲ್ಲಿ ಸಿಕ್ಕದ ಗ್ರಂಥವು ಸಂಶೋಧಕನ ಪಾಲಿಗೆ ಇಲ್ಲದ ಗ್ರಂಥವೇ ಆಗಿರುವುದರಿಂದ, ಈ ಕಾರ್ಯದಲ್ಲಿ ತಂತ್ರಾಂಶವನ್ನು ರಚಿಸುವವರ ಜೊತೆಗೆ ಕನ್ನಡದ ಲಿಪಿಯನ್ನೂ ಸ್ಥಳನಾಮಗಳನ್ನೂ ಬಲ್ಲವರು ಕೈಗೂಡಿಸುವುದು ಅವಶ್ಯವಾಗಿದೆ.