ಬೆಳಗಾವಿ–ಖಾನಾಪುರ ಸೀಮೆಯ ಕ್ರೈಸ್ತ ಸಾಕ್ಷಿಗಳ ಬರಹ: ಒಂದು ಟಿಪ್ಪಣಿ

ಬೆಳಗಾವಿಯ ಮೆಥೊಡಿಸ್ಟ್ ಸಭೆಗಳಲ್ಲಿ, ಅದಕ್ಕಿಂತ ಹೆಚ್ಚಾಗಿ ಮನೆ ಪ್ರಾರ್ಥನೆಗಳಲ್ಲಿ, ಒಬ್ಬಿಬ್ಬರು ಎದ್ದು ನಿಂತು ಸಾಕ್ಷಿ ಹೇಳುವ ರೂಢಿ ಇದೆ. ಕಾಯಿಲೆ ವಾಸಿಯಾದದ್ದು, ಮನೆಯ ಗಂಡಸು ಕುಡಿತ ಬಿಟ್ಟದ್ದು, ತೀರದ ಸಾಲ ತೀರಿದ್ದು, ಮುರಿದ ಮಾತು ಮತ್ತೆ ಕೂಡಿದ್ದು ಇವೇ ಹೆಚ್ಚಾಗಿ ವಿಷಯ. ಕೇಳಿದವರು ‘ಸ್ತೋತ್ರ’ ಎನ್ನುತ್ತಾರೆ, ಹೇಳಿದವರು ಕೂರುತ್ತಾರೆ. ಈ ಮಾತುಗಳನ್ನು ಬರೆದಿಟ್ಟು, ಕಷ್ಟದಲ್ಲಿರುವ ಇನ್ನೊಬ್ಬರ ಕೈಗೆ ಕೊಡಬೇಕೆಂಬ ಆಸೆ ಸಭೆಯಲ್ಲಿ ಯಾರಿಗಾದರೂ ಬರುವಂಥದ್ದೇ. ಆ ಕೆಲಸಕ್ಕೆ ಕೈಹಾಕುವವರಿಗೆ ಬೆಳಗಾವಿಯಲ್ಲೇ ಹುಟ್ಟಿದ ಒಂದು ಹಳೆಯ, ಗಟ್ಟಿಯಾದ ಮಾದರಿ ಇದೆ. ಅದು ಮರಾಠಿಯಲ್ಲಿರುವುದರಿಂದ ಕನ್ನಡದ ಚರ್ಚೆಯಲ್ಲಿ ಅದರ ಹೆಸರು ಏಳುವುದು ಅಪರೂಪ. ಆ ಮಾದರಿಯಲ್ಲಿ ಸಂಶಯಕ್ಕೂ ವಿಳಂಬಕ್ಕೂ ಮನೆಯವರ ನೋವಿಗೂ ಜಾಗವಿದೆ. ಓದುಗನಿಗೆ ಧೈರ್ಯ ಬರುವುದು ಆ ಭಾಗಗಳಿಂದಲೇ ಎಂಬುದು ಈ ಟಿಪ್ಪಣಿಯ ವಾದ.

ಆ ಪುಸ್ತಕ ‘ಅರುಣೋದಯ’, ಬರೆದವರು ಬಾಬಾ ಪದ್ಮನಜಿ. 1831ರಲ್ಲಿ ಬೆಳಗಾವಿಯ ಕಾಸಾರ ಮನೆತನದಲ್ಲಿ ಹುಟ್ಟಿದವರು. ಕಾಸಾರರೆಂದರೆ ಕಂಚು–ಹಿತ್ತಾಳೆಯ ಕೆಲಸದ ಸಮುದಾಯ. ಲಂಡನ್ ಮಿಷನರಿ ಸೊಸೈಟಿ ಬೆಳಗಾವಿಯಲ್ಲಿ ನಡೆಸುತ್ತಿದ್ದ ಇಂಗ್ಲಿಷ್ ಶಾಲೆಯಲ್ಲಿ ಓದಿ, ಮುಂದೆ ಮುಂಬಯಿಗೆ ಹೋದರು. ಅಲ್ಲಿ ಜಾತಿ ಕಟ್ಟಳೆಯನ್ನು ಗುಟ್ಟಾಗಿ ಮುರಿಯುತ್ತಿದ್ದ ಪರಮಹಂಸ ಮಂಡಳಿಯ ಸದಸ್ಯರಾದರು. ಬೈಬಲ್ ಓದಿದ ಕೂಡಲೇ ಅವರು ಕ್ರೈಸ್ತರಾಗಲಿಲ್ಲ. ಮನಸ್ಸು ಒಪ್ಪಿದ ಮೇಲೂ ವರ್ಷಗಳು ಹೋದವು. ಕೊನೆಗೆ ದೀಕ್ಷಾಸ್ನಾನ ಪಡೆದದ್ದು ಮುಂಬಯಿಯಲ್ಲಲ್ಲ, ಹುಟ್ಟೂರಾದ ಬೆಳಗಾವಿಯಲ್ಲಿ, 1854ರ ಸೆಪ್ಟೆಂಬರ್‌ನಲ್ಲಿ. ಗುರುತು ಪರಿಚಯ ಇಲ್ಲದ ದೊಡ್ಡ ಪಟ್ಟಣದಲ್ಲಿ ಮಾಡಬಹುದಾಗಿದ್ದನ್ನು ಬಂಧುಬಳಗದ ಕಣ್ಣೆದುರು ಮಾಡಿದರು. ಇದನ್ನು ಧೈರ್ಯವೆಂದು ಕರೆಯಲು ನನಗೆ ಯಾವ ಹಿಂಜರಿಕೆಯೂ ಇಲ್ಲ.

ಮೂರು ವರ್ಷದ ನಂತರ, 1857ರಲ್ಲಿ, ಅವರ ‘ಯಮುನಾ ಪರ್ಯಟನ’ ಅಚ್ಚಾಯಿತು. ಹಿಂದೂ ವಿಧವೆಯರ ಪಾಡನ್ನು ಕುರಿತ ಈ ಕೃತಿಯನ್ನು ಮರಾಠಿಯ ಮೊದಲ ಕಾದಂಬರಿಯೆಂದು ಎಣಿಸುವವರು ಬಹಳ. ಆತ್ಮಕಥೆ ಬಂದದ್ದು ತೀರ ತಡವಾಗಿ, 1880ರ ದಶಕದಲ್ಲಿ; 1890ರಲ್ಲಿ ಜೆ. ಮರ್ರೆ ಮಿಚೆಲ್ ಅವರ ಸಂಪಾದಕತ್ವದಲ್ಲಿ ಲಂಡನ್ನಿನಿಂದ ಅದರ ಇಂಗ್ಲಿಷ್ ರೂಪ ಹೊರಬಂತು. ಅಂದರೆ ದೀಕ್ಷಾಸ್ನಾನಕ್ಕೂ ಅದರ ಕಥನಕ್ಕೂ ನಡುವೆ ಸುಮಾರು ಮೂವತ್ತು ವರ್ಷ. ಈ ಅಂತರ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಹೊಸದಾಗಿ ನಂಬಿದವರು ಬರೆದರೆ ಬಿಟ್ಟುಬಂದದ್ದೆಲ್ಲ ಕತ್ತಲೆಯಾಗಿ ತೋರುವುದುಂಟು. ಪದ್ಮನಜಿ ತಮ್ಮ ಬಾಲ್ಯದ ಮನೆದೇವರು, ಹರಕೆ, ವ್ರತ, ತೀರ್ಥಯಾತ್ರೆಗಳನ್ನು ವಿವರವಾಗಿ ಬರೆದಿದ್ದಾರೆ. ಅವರು ಆ ಆಚರಣೆಗಳನ್ನು ಒಪ್ಪಿ ಬರೆದವರಲ್ಲ, ಟೀಕೆ ಬೇಕಾದಷ್ಟಿದೆ. ಆದರೂ ಹತ್ತೊಂಬತ್ತನೆಯ ಶತಮಾನದ ಬೆಳಗಾವಿಯ ಒಂದು ಕುಶಲಕರ್ಮಿ ಮನೆತನದ ಧಾರ್ಮಿಕ ಬದುಕನ್ನು ಒಳಗಿನಿಂದ ಬಲ್ಲವರ ಬರಹ ಅದು. ಸಮಾಜಶಾಸ್ತ್ರದ ವಿದ್ಯಾರ್ಥಿಗೂ ಅದು ಆಕರವಾದೀತು. ಕಥೆಯ ಭಾರವೆಲ್ಲ ದೀಕ್ಷಾಸ್ನಾನದವರೆಗಿನ ದಾರಿಯ ಮೇಲೆ ಬೀಳುತ್ತದೆ. ಆಮೇಲಿನ ಪಾದ್ರಿತನ, ಸಂಪಾದಕ ವೃತ್ತಿಗಳ ಸಾಧನೆಯನ್ನು ಮೆರೆಸುವುದು ಅದರ ಉದ್ದೇಶವಲ್ಲ.

ಪದ್ಮನಜಿಗಿಂತ ಹಿಂದಿನ ಬೆಳಗಾವಿಯ ನಂಬಿಕೆಯ ಕಥೆಗಳು ಇನ್ನೊಬ್ಬರ ಕೈಬರಹದಲ್ಲಿವೆ. ಬಳ್ಳಾರಿಯಲ್ಲಿ 1810ರಲ್ಲಿ ನೆಲೆನಿಂತ ಲಂಡನ್ ಮಿಷನ್ನಿನಿಂದ ಜೋಸೆಫ್ ಟೇಲರ್ ಬೆಳಗಾವಿಗೆ ಬಂದದ್ದು 1820ರಲ್ಲಿ. ಆಮೇಲೆ ವಿಲಿಯಂ ಬೆಯ್ನನ್ ಜೊತೆಗೂಡಿದರು; ಊರಿನ ಬೆಯ್ನನ್–ಸ್ಮಿತ್ ಹೈಸ್ಕೂಲಿನಲ್ಲಿ ಅವರ ಹೆಸರು ಇಂದಿಗೂ ಉಳಿದಿದೆ. ಆ ಸೊಸೈಟಿಯ ಪಾದ್ರಿಗಳಲ್ಲಿ ಹೆಚ್ಚಿನವರು ಕಾಂಗ್ರಿಗೇಶನಲ್ ಪಂಥದವರು. ಸಭೆಗೆ ಸೇರುವವರು ದೇವರು ತಮ್ಮ ಬದುಕಿನಲ್ಲಿ ಮಾಡಿದ್ದನ್ನು ತಮ್ಮ ಬಾಯಿಂದಲೇ ಹೇಳಬೇಕೆಂಬುದು ಆ ಪಂಥದ ಹಳೆಯ ಪದ್ಧತಿ. ಇಲ್ಲಿನ ಜನ ತಮ್ಮ ಮಾತಿನಲ್ಲಿ ಹೇಳಿದ್ದನ್ನು ಪಾದ್ರಿ ಇಂಗ್ಲಿಷಿನಲ್ಲಿ ಲಂಡನ್ನಿಗೆ ಬರೆಯುತ್ತಿದ್ದರು. ಆ ಸೊಸೈಟಿಯ ಕಾಗದಪತ್ರಗಳು ಈಗ ಲಂಡನ್ ವಿಶ್ವವಿದ್ಯಾಲಯದ ಸೋವಾಸ್ ಗ್ರಂಥಾಲಯದಲ್ಲಿವೆ. ಅವನ್ನು ಓದುವವರು ಒಂದನ್ನು ಮರೆಯಬಾರದು: ದೂರದ ದಾನಿಗಳ ಮನಸ್ಸಿಗೂ ಒಪ್ಪುವಂತೆ ಬರೆದ ಪತ್ರಗಳು ಅವು. ಅಲ್ಲಿ ಮತಾಂತರಿಯ ಸಂಕಟಕ್ಕಿಂತ ಮಿಷನ್ನಿನ ಫಲ ಮುಂದೆ ನಿಲ್ಲುತ್ತದೆ. ಇದಕ್ಕೆ ಪಾದ್ರಿಗಳ ಅಪ್ರಾಮಾಣಿಕತೆ ಕಾರಣವಲ್ಲ. ವರದಿಯೆಂಬ ಬರಹದ ಜಾಯಮಾನವೇ ಅದು.

ಬಾಸೆಲ್ ಮಿಷನ್ನಿನದು ಬೇರೆ ಕ್ರಮ. 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ ಬಂದ ಈ ಮಿಷನ್, ತನ್ನ ಸೆಮಿನರಿಗೆ ಸೇರಬಯಸುವ ಪ್ರತಿಯೊಬ್ಬ ಯುವಕನಿಂದಲೂ ಕೈಬರಹದ ಜೀವನ ವೃತ್ತಾಂತ ಕೇಳುತ್ತಿತ್ತು. 1844ರಲ್ಲಿ ಮಂಗಳೂರಿನಲ್ಲಿ ದೀಕ್ಷಾಸ್ನಾನ ಪಡೆದ ಹೆರ್ಮನ್ ಆನಂದರಾವ್ ಕೌಂಡಿನ್ಯ ಆ ಸೆಮಿನರಿಯಲ್ಲಿ ಓದಿದವರು. ಯಾವ ಮಿಷನ್ನೂ ಕೇಳದೆ ತಾವಾಗಿಯೇ ಬರೆದ ಇನ್ನೊಬ್ಬರೂ ಈ ನೆಲದಲ್ಲಿದ್ದಾರೆ. ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ 1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತರಾದರು. ಅವರ ಸಾಕ್ಷಿ 1907ರಲ್ಲಿ ಇಂಗ್ಲಿಷಿನಲ್ಲಿ ಬಂತು. ದೀಕ್ಷಾಸ್ನಾನವಾದ ಮೇಲೂ ತನಗೆ ಕ್ರಿಸ್ತಧರ್ಮ ಸಿಕ್ಕಿತ್ತೇ ಹೊರತು ಕ್ರಿಸ್ತ ಸಿಕ್ಕಿರಲಿಲ್ಲವೆಂಬ ಅರ್ಥದ ನಿವೇದನೆ ಅದರ ಜೀವಾಳ. ಪದ್ಮನಜಿಯಂತೆ ರಮಾಬಾಯಿಯೂ ತಡಮಾಡಿ ಬರೆದರು, ಕೊರತೆಯನ್ನು ಮುಚ್ಚಿಡದೆ ಬರೆದರು. ಈ ನೆಲಕ್ಕೆ ಸೇರಿದ ಇಂಥ ದೊಡ್ಡ ಸಾಕ್ಷಿಗಳು ಕನ್ನಡೇತರ ಭಾಷೆಗಳಲ್ಲಿ ನಿಂತುಬಿಟ್ಟಿರುವುದು ನನಗೆ ನಿಜವಾದ ನಷ್ಟವೆನಿಸುತ್ತದೆ. ‘ಅರುಣೋದಯ’ದ ಬೆಳಗಾವಿಯ ಅಧ್ಯಾಯಗಳಾದರೂ ಒಳ್ಳೆಯ ಕನ್ನಡದಲ್ಲಿ ಜನರ ಕೈಗೆ ಸಿಗಬೇಕು.

1904ರಲ್ಲಿ ಲಂಡನ್ ಮಿಷನ್ ಬೆಳಗಾವಿಯ ಕೆಲಸವನ್ನು ಅಮೆರಿಕದ ಮೆಥೊಡಿಸ್ಟರಿಗೆ ಬಿಟ್ಟುಕೊಟ್ಟಿತು. ಮೆಥೊಡಿಸ್ಟರಿಗೆ ಸಾಕ್ಷಿ ಹೇಳುವುದು ಸಭೆಗೆ ಸೇರುವಾಗ ಒಮ್ಮೆ ಮಾಡಿ ಮುಗಿಸುವ ವಿಧಿಯಲ್ಲ. ಸಣ್ಣ ಗುಂಪುಗಳಲ್ಲಿ ವಾರವಾರವೂ ಕೂತು ಆತ್ಮದ ಸ್ಥಿತಿಯನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುವ ಏರ್ಪಾಡನ್ನು ಪಂಥದ ಸ್ಥಾಪಕ ಜಾನ್ ವೆಸ್ಲಿ ಹದಿನೆಂಟನೆಯ ಶತಮಾನದಲ್ಲೇ ಮಾಡಿದ್ದ. 1778ರಲ್ಲಿ ಅವನು ಆರಂಭಿಸಿದ ‘ಆರ್ಮಿನಿಯನ್ ಮ್ಯಾಗಝಿನ್’ ಎಂಬ ಮಾಸಪತ್ರಿಕೆಯಲ್ಲಿ ಸಾಮಾನ್ಯ ಹಿನ್ನೆಲೆಯ ಬೋಧಕರ ಆತ್ಮಕಥನಗಳು ಬರುತ್ತಿದ್ದವು. ಓದುಬರಹ ಕಡಿಮೆಯಿದ್ದ ಕೈಕಸುಬಿನವರ ಬದುಕೂ ಅಚ್ಚಿಗೆ ಯೋಗ್ಯವೆಂದು ಸಾರಿದ ಪತ್ರಿಕೆ ಅದು. ಬೆಳಗಾವಿಯ ಮನೆ ಪ್ರಾರ್ಥನೆಯಲ್ಲಿ ಎದ್ದು ನಿಂತು ಮಾತಾಡುವ ಹೆಣ್ಣುಮಗಳ ಬೆನ್ನಿಗೆ ಈ ಪರಂಪರೆಯಿದೆ.

ಖಾನಾಪುರದ ಕಡೆ ತಿರುಗಿದರೆ ಚಿತ್ರ ಬದಲಾಗುತ್ತದೆ. ಗೋವೆಗೆ ಹೊಂದಿಕೊಂಡ ಈ ತಾಲ್ಲೂಕಿನ ಕ್ರೈಸ್ತರಲ್ಲಿ ಗೋವೆಯ ಮೂಲದ ಕಥೊಲಿಕರದೇ ಎದ್ದುಕಾಣುವ ಪಾಲು. ಅವರ ಮನೆ–ಗುಡಿಗಳಲ್ಲಿ ಕೊಂಕಣಿ, ಮರಾಠಿ, ಕನ್ನಡ ಮೂರೂ ಕೇಳುತ್ತವೆ. ಬೆಳಗಾವಿ ಧರ್ಮಪ್ರಾಂತ್ಯ 1953ರಲ್ಲಿ ರಚನೆಯಾದದ್ದೂ ಗೋವಾ ಮತ್ತು ಪುಣೆ ಧರ್ಮಪ್ರಾಂತ್ಯಗಳ ಭಾಗಗಳನ್ನು ಕೂಡಿಸಿಯೇ. ತಲೆಮಾರುಗಳಿಂದ ಕ್ರೈಸ್ತರಾಗಿರುವ ಇಂಥ ಮನೆಗಳಲ್ಲಿ ‘ನಾನು ನಂಬಿದ ದಿನ’ ಎಂಬ ಕಥೆಗೆ ಎಡೆಯಿಲ್ಲ. ಅಲ್ಲಿ ನಂಬಿಕೆ ಮಾತಿಗೆ ಬರುವುದು ಮಾತೆ ಮರಿಯಳಿಗೆ ಹೊತ್ತ ಹರಕೆಯಲ್ಲಿ, ನೊವೇನದ (ಒಂಬತ್ತು ದಿನದ ಪ್ರಾರ್ಥನೆಯ) ಕೃತಜ್ಞತೆಯಲ್ಲಿ, ಸತ್ತವರಿಗಾಗಿ ಇಟ್ಟ ಪೂಜೆಯಲ್ಲಿ. ಪ್ರಾಟೆಸ್ಟಂಟ್ ಅಚ್ಚಿನ ಪ್ರಶ್ನೆಗಳನ್ನು ಹಿಡಿದುಕೊಂಡು ಇವರ ಮುಂದೆ ಕೂತರೆ ಹೇಳಲು ಏನೂ ಇಲ್ಲವೆಂಬ ಉತ್ತರ ಬಂದೀತು. ಅದನ್ನು ಭಕ್ತಿಯ ಕೊರತೆಯೆಂದು ತಿಳಿದರೆ ಅನ್ಯಾಯ. ಅಜ್ಜಿ ಯಾವ ಪ್ರಾರ್ಥನೆಯನ್ನು ಯಾವ ಭಾಷೆಯಲ್ಲಿ ಕಲಿಸಿದಳು ಎಂದು ಕೇಳಿದರೆ ಮಾತು ತಾನಾಗಿ ಹರಿಯುತ್ತದೆ.

ಇದೇ ತಾಲ್ಲೂಕಿನ ಹಲಸಿಯಲ್ಲಿ ಸಿಕ್ಕ ಕದಂಬರ ತಾಮ್ರಶಾಸನಗಳು ಇಲ್ಲಿ ನೆನಪಾಗುತ್ತವೆ. ಸುಮಾರು ಒಂದೂವರೆ ಸಾವಿರ ವರ್ಷದ ಹಿಂದೆ ಜೈನರಿಗೆ ಕೊಟ್ಟ ದತ್ತಿಗಳನ್ನು ಅವು ದಾಖಲಿಸುತ್ತವೆ. ಯಾರು, ಯಾವ ಭೂಮಿಯನ್ನು, ಯಾರಿಗೆ, ಯಾವಾಗ ಕೊಟ್ಟರು ಎಂಬುದು ಅಚ್ಚುಕಟ್ಟಾಗಿದೆ. ಕೊಟ್ಟವನ ಎದೆಯಲ್ಲಿ ಏನಿತ್ತೆಂದು ತಿಳಿಯಲು ದಾರಿಯಿಲ್ಲ. ನಮ್ಮ ಸಾಕ್ಷಿ ಬರಹಗಳು ಇದಕ್ಕೆ ತದ್ವಿರುದ್ಧ: ಎದೆಯ ಮಾತೆಲ್ಲ ಇರುತ್ತದೆ, ಊರು–ವರ್ಷ–ಸಂದರ್ಭ ಬಿಟ್ಟುಹೋಗಿರುತ್ತದೆ. ಬರೆದುಕೊಂಡವರು ಯಾರು ಎಂಬುದೂ ಕಾಣುವುದಿಲ್ಲ.

ಹೆಸರು ಬಿಡುವುದಕ್ಕೆ ಮಾತ್ರ ಗಟ್ಟಿಯಾದ ಕಾರಣಗಳುಂಟು. 1950ರ ಪರಿಶಿಷ್ಟ ಜಾತಿಗಳ ಆದೇಶದ ಪ್ರಕಾರ ಹಿಂದೂ, ಸಿಖ್, ಬೌದ್ಧ ಧರ್ಮಗಳ ಹೊರಗಿನವರಿಗೆ ಪರಿಶಿಷ್ಟ ಜಾತಿಯ ಮಾನ್ಯತೆಯಿಲ್ಲ. ದಲಿತ ಕುಟುಂಬವೊಂದು ತನ್ನ ನಂಬಿಕೆಯನ್ನು ಹೆಸರು, ಊರುಗಳ ಸಮೇತ ಅಚ್ಚು ಮಾಡಿಸಿದರೆ ಮಕ್ಕಳ ಜಾತಿ ಪ್ರಮಾಣಪತ್ರಕ್ಕೆ ಅದೇ ಅಡ್ಡಿಯಾಗಬಹುದು. ಕಾನೂನಿನ ಅಂಜಿಕೆಯೂ ಇದೆ. ಕರ್ನಾಟಕದ ಮತಾಂತರ ನಿಯಂತ್ರಣದ ಮಸೂದೆ ವಿಧಾನಸಭೆಯಲ್ಲಿ ಮಂಡನೆಯಾಗಿ ಅಂಗೀಕಾರ ಪಡೆದದ್ದು ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ, 2021ರ ಡಿಸೆಂಬರ್‌ನಲ್ಲಿ. 2022ರಲ್ಲಿ ಅದು ಕಾಯ್ದೆಯಾಯಿತು. ಅದನ್ನು ಹಿಂತೆಗೆದುಕೊಳ್ಳಲು 2023ರ ಜೂನ್‌ನಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ಇಂಥ ಕಾಲದಲ್ಲಿ ಬಾಯಿಂದ ಧಾರಾಳವಾಗಿ ಹೇಳುವವರು ಬರಹಕ್ಕೆ ಬಂದಾಗ ತಡವರಿಸಿದರೆ ಅದು ನಂಬಿಕೆಯ ದೌರ್ಬಲ್ಯವಲ್ಲ. ಬರೆದುಕೊಳ್ಳುವವರು ಅವರನ್ನು ಒತ್ತಾಯಿಸಬಾರದು. ಹೆಸರು ಮರೆಮಾಡಿದರೂ ಕಾಲ, ಸೀಮೆ, ಕಸುಬುಗಳ ಹೊರರೇಖೆ ಉಳಿಸಬಹುದು. ಅಚ್ಚಿಗೆ ಮುಂಚೆ ಅವರೆದುರೇ ಓದಿಹೇಳಿ, ಬೇಡವೆಂದದ್ದನ್ನು ತೆಗೆದುಹಾಕಬೇಕು.

ಭಾಷೆಯ ವಿಷಯದಲ್ಲಿ ನನ್ನ ನಿಲುವು ಖಚಿತ. ಬೆಳಗಾವಿಯವರು ಹೇಳಿದ್ದನ್ನು ಬೈಬಲ್ಲಿನ ಗ್ರಾಂಥಿಕ ಕನ್ನಡಕ್ಕೆ ತಿದ್ದುವುದು ಬೇಡ. ‘ಭಾಳ ತ್ರಾಸ ಆಗಿತ್ರಿ’ ಎಂದವರ ಬಾಯಲ್ಲಿ ‘ನಾನು ಅತ್ಯಂತ ಸಂಕಟದಲ್ಲಿದ್ದೆನು’ ಎಂದು ಹೇಳಿಸಿದರೆ ಆ ಮನುಷ್ಯರೇ ಪುಟದಿಂದ ಎದ್ದುಹೋಗುತ್ತಾರೆ. ಮರಾಠಿ, ಕೊಂಕಣಿಯ ಮಾತು ನಡುವೆ ಬಂದರೆ ಇದ್ದ ಹಾಗೆಯೇ ಇರಲಿ. ಹಾಗೆಯೇ ವಾಸಿಯಾಗದ ಕಾಯಿಲೆಯ, ಉತ್ತರ ಬಾರದ ಪ್ರಾರ್ಥನೆಯ ಸಾಕ್ಷಿಗಳೂ ಸಂಗ್ರಹದಲ್ಲಿ ಸೇರಬೇಕು. ಮಗುವನ್ನು ಕಳೆದುಕೊಂಡ ಮೇಲೂ ಸಭೆಗೆ ಬರುತ್ತಿರುವ ತಾಯಿಯ ನಾಲ್ಕು ಮಾತು, ಅಂಥದೇ ದುಃಖದಲ್ಲಿರುವ ಇನ್ನೊಬ್ಬ ತಾಯಿಗೆ ಎಷ್ಟೋ ಗುಣವಾದ ಕಥೆಗಳಿಗಿಂತ ಹತ್ತಿರವಾಗುತ್ತವೆ.

ಸಂಶೋಧನೆಯ ದೃಷ್ಟಿಯಿಂದ ಮೊದಲು ಆಗಬೇಕಾದದ್ದು ಒಂದು ಹೋಲಿಕೆಯ ಓದು. 1854ರ ಆಸುಪಾಸಿನ ಬೆಳಗಾವಿ ಮಿಷನ್ನಿನ ಪತ್ರಗಳನ್ನು ಮರಾಠಿ ‘ಅರುಣೋದಯ’ದ ಪಕ್ಕದಲ್ಲಿಟ್ಟು, 1890ರ ಇಂಗ್ಲಿಷ್ ರೂಪದೊಂದಿಗೂ ಸಾಲುಸಾಲಾಗಿ ತಾಳೆ ನೋಡಬೇಕು. ಪಾದ್ರಿಯ ವರದಿ, ನಂಬಿದವನ ಸ್ವಂತ ಮಾತು, ಸಂಪಾದಕನ ಕೈ ಈ ಮೂರೂ ಒಂದೇ ಬದುಕಿನ ಮೇಲೆ ಹಾದಿರುವ ಉದಾಹರಣೆ ಇದು. ಯಾವ ಹಂತದಲ್ಲಿ ಯಾವ ಸಂಶಯ ಉದುರಿತು, ಮನೆಯವರ ಯಾವ ಮಾತು ಸಣ್ಣದಾಯಿತು ಎಂದು ಗುರುತು ಮಾಡಿಕೊಂಡರೆ, ಇಂದು ಸಾಕ್ಷಿ ಬರೆದುಕೊಳ್ಳಲು ಹೊರಟವರು ತಮ್ಮ ಕೈಬರಹದಲ್ಲಿ ಏನನ್ನು ಕಾಯಬೇಕೆಂಬುದು ತಿಳಿಯುತ್ತದೆ.