ಟಾಡಾ: ಕಾಡಂಚಿನ ಊರುಗಳ ಮೇಲೆ ಬಿದ್ದ ವಿಶೇಷ ಕಾಯ್ದೆ

2000ನೇ ಇಸವಿ ಜುಲೈ 30ರ ರಾತ್ರಿ ತಾಳವಾಡಿ ಸಮೀಪದ ದೊಡ್ಡಗಾಜನೂರಿನ ಮನೆಯಿಂದ ವರನಟ ಡಾ. ರಾಜ್‌ಕುಮಾರ್ ಅವರನ್ನು ಕಾಡುಗಳ್ಳ ವೀರಪ್ಪನ್ ಅಪಹರಿಸಿದ. 108 ದಿನಗಳ ನಂತರ, ನವೆಂಬರ್ 15ರಂದು ಅವರು ಬಿಡುಗಡೆಯಾದರು. ಆ ದಿನಗಳಲ್ಲಿ ಕಾಡಿನಿಂದ ಬಂದ ಬೇಡಿಕೆಗಳಲ್ಲಿ ಕಾವೇರಿ ನೀರು, ಬೆಂಗಳೂರಿನ ತಿರುವಳ್ಳುವರ್ ಪ್ರತಿಮೆ ಇವೆಲ್ಲ ಇದ್ದವು. ಅದರ ಬಗ್ಗೆ ಪತ್ರಿಕೆಗಳು ಪುಟಗಟ್ಟಲೆ ಬರೆದವು. ಅದೇ ಪಟ್ಟಿಯಲ್ಲಿ ಇನ್ನೊಂದು ಬೇಡಿಕೆಯೂ ಇತ್ತು. ಮೈಸೂರು ಜೈಲಿನಲ್ಲಿರುವ ಟಾಡಾ ಕೈದಿಗಳನ್ನು ಬಿಡಬೇಕು ಎನ್ನುವುದು ಅದು. ಈ ಕೈದಿಗಳು ಯಾರು, ಅಷ್ಟು ವರ್ಷ ಒಳಗೇ ಏಕೆ ಇದ್ದರು ಎಂದು ಆಗ ಕೇಳಿದವರು ಕಡಿಮೆ. ಅವರಲ್ಲಿ ಬಹಳ ಮಂದಿ ಮಲೆ ಮಹದೇಶ್ವರ ಬೆಟ್ಟದ ಸುತ್ತಲಿನ ಹಳ್ಳಿಗಳ ರೈತರು, ಕೂಲಿಗಳು, ದನ ಮೇಯಿಸುವವರು.

ಕಾಯ್ದೆಯಲ್ಲಿ ಏನಿತ್ತು?

ಟಾಡಾ ಎಂದರೆ ಭಯೋತ್ಪಾದಕ ಮತ್ತು ವಿಚ್ಛಿದ್ರಕಾರಿ ಚಟುವಟಿಕೆಗಳ (ತಡೆ) ಕಾಯ್ದೆ. ಪಂಜಾಬಿನ ಹಿಂಸಾಚಾರ ಕಾಲದಲ್ಲಿ, 1985ರ ಮೇ ತಿಂಗಳಲ್ಲಿ, ಎರಡು ವರ್ಷದ ಮಟ್ಟಿಗೆಂದು ಬಂತು. 1987ರಲ್ಲಿ ಹೊಸ ರೂಪ ಪಡೆಯಿತು. ಆಮೇಲೆ ಎರಡೆರಡು ವರ್ಷಕ್ಕೊಮ್ಮೆ ವಾಯಿದೆ ಮುಂದೆ ಹೋಗುತ್ತಲೇ ಇತ್ತು. ಪಂಜಾಬಿಗೆಂದು ಮಾಡಿದ ಕಾಯ್ದೆಯಲ್ಲಿ ಗುಜರಾತಿನ ಊರುಗಳಲ್ಲೂ ಮುಂಬೈಯಲ್ಲೂ ನಮ್ಮ ಕಾಡಂಚಿನಲ್ಲೂ ಜನರ ಬಂಧನವಾಯಿತು.

ಸಾಮಾನ್ಯ ಕಾನೂನಿನಲ್ಲಿ ಆರೋಪಿಗೆ ಮೂರು ರಕ್ಷಣೆಗಳಿವೆ. ಟಾಡಾ ಕೈಹಾಕಿದ್ದು ಆ ಮೂರಕ್ಕೂ.

ಮೊದಲನೆಯದು ತಪ್ಪೊಪ್ಪಿಗೆ. ಪೊಲೀಸರ ಮುಂದೆ ಹೇಳಿದ ತಪ್ಪೊಪ್ಪಿಗೆ ಸಾಕ್ಷ್ಯವಾಗುವುದಿಲ್ಲ ಎಂಬುದು ಬ್ರಿಟಿಷರೇ 1872ರ ಸಾಕ್ಷ್ಯ ಕಾಯ್ದೆಯಲ್ಲಿ ಬರೆದಿಟ್ಟ ನಿಯಮ. ಠಾಣೆಯೊಳಗೆ ಬಾಯಿ ಬಿಡಿಸುವ ರೀತಿ ಅವರಿಗೂ ಗೊತ್ತಿತ್ತು. ಟಾಡಾದ 15ನೇ ಸೆಕ್ಷನ್ ಇದನ್ನು ತೆಗೆದುಹಾಕಿತು. ಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಪೊಲೀಸ್ ಅಧಿಕಾರಿ ಬರೆದುಕೊಂಡ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಡೆಯುತ್ತದೆ ಎಂದಿತು.

ಎರಡನೆಯದು ಕಾಲಮಿತಿ. ಮಾಮೂಲಿ ಪ್ರಕರಣದಲ್ಲಿ 60 ಅಥವಾ 90 ದಿನದೊಳಗೆ ಚಾರ್ಜ್‌ಶೀಟ್ ಹಾಕದಿದ್ದರೆ ಆರೋಪಿಗೆ ಜಾಮೀನು ಹಕ್ಕಾಗಿ ಸಿಗುತ್ತದೆ. ಟಾಡಾದಲ್ಲಿ ಈ ಅವಧಿ ಮೊದಲು ಒಂದು ವರ್ಷ. 1993ರ ತಿದ್ದುಪಡಿಯ ನಂತರ 180 ದಿನ, ಕೋರ್ಟು ಒಪ್ಪಿದರೆ ಮತ್ತೆ ಒಂದು ವರ್ಷದವರೆಗೆ.

ಮೂರನೆಯದು ಜಾಮೀನು. ಸರ್ಕಾರಿ ವಕೀಲರು ವಿರೋಧಿಸಿದರೆ, ಆರೋಪಿ ತಪ್ಪಿತಸ್ಥನಲ್ಲ ಎಂದು ನಂಬಲು ಕಾರಣವಿದೆ ಎಂದು ನ್ಯಾಯಾಧೀಶರಿಗೆ ಅನಿಸಬೇಕು. ವಿಚಾರಣೆಯೇ ಶುರುವಾಗದೆ ಹಾಗೆ ಅನಿಸುವುದು ಹೇಗೆ? ಹೀಗಾಗಿ ವಿಚಾರಣೆ ನಡೆಯುವ ಕಾಲವೇ ಶಿಕ್ಷೆಯ ಕಾಲವಾಯಿತು. ಅಪೀಲು ಹೈಕೋರ್ಟಿಗಲ್ಲ, ನೇರವಾಗಿ ದೆಹಲಿಯ ಸುಪ್ರೀಂ ಕೋರ್ಟಿಗೆ. ಹೂಗ್ಯಂ, ಮಾರ್ಟಳ್ಳಿ ಕಡೆಯ ಕೂಲಿಯವನಿಗೆ ಮೈಸೂರಿನ ಕೋರ್ಟೇ ದೂರ.

ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 1994ರ ಮಾರ್ಚ್‌ನಲ್ಲಿ, ಕರ್ತಾರ್ ಸಿಂಗ್ ಪ್ರಕರಣದಲ್ಲಿ, ಕೆಲವು ಎಚ್ಚರಿಕೆಯ ಸೂಚನೆಗಳನ್ನು ಕೊಟ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. ಅದೇ ವರ್ಷದ ಜೂನ್ ವೇಳೆಗೆ ದೇಶದಾದ್ಯಂತ ಟಾಡಾದಡಿ ಬಂಧನವಾದವರು 76 ಸಾವಿರಕ್ಕೂ ಹೆಚ್ಚು. ಬಂಧಿತರಲ್ಲಿ ಶಿಕ್ಷೆಯಾದವರು ನೂರಕ್ಕೆ ಇಬ್ಬರಿಗಿಂತಲೂ ಕಡಿಮೆ. 1995ರ ಫೆಬ್ರುವರಿಯಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಅಧ್ಯಕ್ಷ ನ್ಯಾ. ರಂಗನಾಥ ಮಿಶ್ರಾ ಅವರು ಕಾಯ್ದೆಯನ್ನು ಮುಂದುವರಿಸಬೇಡಿ ಎಂದು ಸಂಸದರಿಗೆಲ್ಲ ಪತ್ರ ಬರೆದರು. 1995ರ ಮೇ 23ಕ್ಕೆ ಟಾಡಾ ವಾಯಿದೆ ಮುಗಿಯಿತು. ಆದರೆ ಆಗಲೇ ದಾಖಲಾಗಿದ್ದ ಪ್ರಕರಣಗಳಿಗೆ ಮುಕ್ತಿಯಿಲ್ಲ, ಅವು ಟಾಡಾದಡಿಯೇ ನಡೆಯಬೇಕು ಎಂದು ಕಾಯ್ದೆಯಲ್ಲೇ ಬರೆದಿತ್ತು.

ಎರಡು ಬಂದೂಕುಗಳ ನಡುವೆ

ವೀರಪ್ಪನ್ ಕೈಯಲ್ಲಿ ಸತ್ತವರನ್ನು ಮರೆತು ಈ ಕಥೆ ಹೇಳಲಾಗದು. 1991ರ ನವೆಂಬರ್‌ನಲ್ಲಿ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಹತ್ಯೆಯಾದರು. ಗೋಪಿನಾಥಂ ಜನ ಇಂದಿಗೂ ಅವರನ್ನು ನೆನೆಯುತ್ತಾರೆ. 1992ರಲ್ಲಿ ರಾಮಾಪುರ ಪೊಲೀಸ್ ಠಾಣೆಯ ಮೇಲೆ ದಾಳಿಯಾಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಮೀಣ್ಯಂ ಬಳಿ ಎಸ್‌ಪಿ ಹರಿಕೃಷ್ಣ, ಎಸ್‌ಐ ಷಕೀಲ್ ಅಹಮದ್ ಬಲಿಯಾದರು. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನೆಲಬಾಂಬ್ ಸಿಡಿದು 22 ಮಂದಿ ಸತ್ತರು. ಸತ್ತವರಲ್ಲಿ ಪೊಲೀಸರಷ್ಟೇ ಅಲ್ಲ, ಅವರಿಗೆ ದಾರಿ ತೋರಿಸಲು ಹೋಗಿದ್ದ ಹಳ್ಳಿಯವರೂ ಇದ್ದರು.

ಕರ್ನಾಟಕ, ತಮಿಳುನಾಡು ಎರಡೂ ರಾಜ್ಯಗಳ ವಿಶೇಷ ಕಾರ್ಯಪಡೆ, ಜನರ ಬಾಯಲ್ಲಿ ಎಸ್‌ಟಿಎಫ್, ಕಾಡಿಗೆ ಇಳಿಯಿತು. ವೀರಪ್ಪನ್ ಸಿಗಲಿಲ್ಲ. ಸಿಕ್ಕಿದ್ದು ಊರಿನವರು. ಈ ಭಾಗದ ಗಡಿ ನಕ್ಷೆಯಲ್ಲಿರುವಷ್ಟು ಸರಳವಲ್ಲ. ತಾಳವಾಡಿ, ಬರಗೂರು ಕಡೆ ತಮಿಳುನಾಡಿನೊಳಗೆ ಕನ್ನಡದವರು. ಹನೂರು ಕಡೆಯ ಮಾರ್ಟಳ್ಳಿ, ಗೋಪಿನಾಥಂನಲ್ಲಿ ಕರ್ನಾಟಕದೊಳಗೆ ತಮಿಳರು. ಎರಡೂ ಕಡೆಯ ಕಾಡಿನಲ್ಲಿ ಸೋಲಿಗರು. ನೆಂಟಸ್ತನ, ಸಂತೆ, ಮಾದಪ್ಪನ ಜಾತ್ರೆ ಎಲ್ಲವೂ ಗಡಿ ದಾಟಿಯೇ ನಡೆಯುತ್ತವೆ. ಇಂಥ ಊರುಗಳಲ್ಲಿ ಯಾರು ಎಲ್ಲಿಗೆ ಹೋಗಿ ಬಂದರು ಎಂಬುದೇ ಅನುಮಾನಕ್ಕೆ ದಾರಿಯಾಯಿತು.

ರಾತ್ರಿ ಬಂದೂಕು ಹಿಡಿದು ಬಂದವರು ಅಕ್ಕಿ ಬೇಳೆ ಕೇಳಿದರೆ ಇಲ್ಲ ಎನ್ನುವ ಧೈರ್ಯ ಯಾರಿಗಿದೆ? ಕೊಟ್ಟರೆ ಬೆಳಿಗ್ಗೆ ಪೊಲೀಸರು ಬರುತ್ತಾರೆ. ಪೊಲೀಸರಿಗೆ ಸುಳಿವು ಕೊಟ್ಟರೆ ವೀರಪ್ಪನ್ ಬಿಡುವುದಿಲ್ಲ. ಭಯೋತ್ಪಾದಕನಿಗೆ ಆಶ್ರಯ ಕೊಟ್ಟವನಿಗೆ ಟಾಡಾದಲ್ಲಿ ಕನಿಷ್ಠ 5 ವರ್ಷ, ಹೆಚ್ಚೆಂದರೆ ಜೀವಾವಧಿ ಶಿಕ್ಷೆ. ಹೆದರಿ ಕೊಟ್ಟ ಊಟಕ್ಕೂ ಒಪ್ಪಿ ಕೊಟ್ಟ ನೆರವಿಗೂ ವ್ಯತ್ಯಾಸ ನೋಡುವುದು ಕೋರ್ಟಿನ ಕೆಲಸ. ಆ ಕೆಲಸ ಮುಗಿಯುವಷ್ಟರಲ್ಲಿ ವರ್ಷಗಳೇ ಉರುಳಿದವು.

ರಾಮಾಪುರ, ಮೀಣ್ಯಂ, ಪಾಲಾರ್ ಮುಂತಾದ ಪ್ರಕರಣಗಳಲ್ಲಿ ನೂರಕ್ಕೂ ಹೆಚ್ಚು ಜನರ ಮೇಲೆ ಆರೋಪ ಹೊರಿಸಲಾಯಿತು. ಮೈಸೂರಿನ ವಿಶೇಷ ಟಾಡಾ ನ್ಯಾಯಾಲಯ ತೀರ್ಪು ಕೊಟ್ಟಿದ್ದು 2001ರ ಸೆಪ್ಟೆಂಬರ್ 29ರಂದು. ಟಾಡಾ ಕಾಯ್ದೆ ಸತ್ತು ಆರು ವರ್ಷ ಕಳೆದಿತ್ತು. ಆರೋಪಿಗಳಲ್ಲಿ ಬಹುಪಾಲು ಮಂದಿ ಖುಲಾಸೆಯಾದರು. 1993ರಲ್ಲಿ ಒಳಗೆ ಹೋಗಿ ತೀರ್ಪಿನವರೆಗೆ ಅಲ್ಲೇ ಉಳಿದವರಿಗೆ ಎಂಟು ವರ್ಷ ಕಳೆದಿತ್ತು. ಖುಲಾಸೆಯ ಆದೇಶದಲ್ಲಿ ಆ ಎಂಟು ವರ್ಷಕ್ಕೆ ಲೆಕ್ಕ ಇರುವುದಿಲ್ಲ.

ಬಿಡುಗಡೆಗೆ ಸುಪ್ರೀಂ ಕೋರ್ಟ್ ತಡೆ

ರಾಜ್‌ಕುಮಾರ್ ಅಪಹರಣವಾದಾಗ ಕರ್ನಾಟಕ ಸರ್ಕಾರ ಈ ಕೈದಿಗಳ ಮೇಲಿನ ಟಾಡಾ ಆರೋಪ ಹಿಂತೆಗೆದುಕೊಳ್ಳಲು ಮುಂದಾಯಿತು. ಮೈಸೂರು ನ್ಯಾಯಾಲಯ ಒಪ್ಪಿತು. ಮೀಣ್ಯಂನಲ್ಲಿ ಹತರಾದ ಎಸ್‌ಐ ಷಕೀಲ್ ಅಹಮದ್ ಅವರ ತಂದೆ ಅಬ್ದುಲ್ ಕರೀಂ ಸುಪ್ರೀಂ ಕೋರ್ಟಿಗೆ ಹೋದರು. 2000ರ ನವೆಂಬರ್ 7ರಂದು ಕೋರ್ಟು ಆ ಆದೇಶವನ್ನು ರದ್ದು ಮಾಡಿತು. ಅಪಹರಣಕಾರನ ಬೆದರಿಕೆಗೆ ಮಣಿದು, ಸಾರ್ವಜನಿಕ ಹಿತವನ್ನು ಸರಿಯಾಗಿ ತೂಗಿ ನೋಡದೆ, ಪ್ರಕರಣ ಹಿಂತೆಗೆಯುವುದು ಸಲ್ಲದು ಎಂಬುದು ತೀರ್ಪಿನ ಸಾರ.

ಮಗನನ್ನು ಕಳೆದುಕೊಂಡ ತಂದೆಯ ಹಟದಲ್ಲಿ ತಪ್ಪು ಹುಡುಕಲಾಗದು. ತಪ್ಪು ಸರ್ಕಾರದ್ದು. ಏಳು ವರ್ಷ ಟಾಡಾ ಬೇಕೇ ಬೇಕು ಎಂದು ಹಿಡಿದು ಕೂತಿದ್ದ ಆಡಳಿತಕ್ಕೆ, ಖ್ಯಾತ ನಟರೊಬ್ಬರು ಕಾಡಿನಲ್ಲಿ ಸಿಕ್ಕಿಕೊಂಡ ಮೇಲೆ ಅದೇ ಆರೋಪ ಬೇಡವಾಯಿತು. ಬಡವರ ಜಾಮೀನು ಅರ್ಜಿ ಬಂದಾಗಲೇ ಒಬ್ಬೊಬ್ಬರ ಕಡತ ತೆಗೆದು ನೋಡಿದ್ದರೆ ಈ ಪೇಚಾಟ ಇರುತ್ತಿರಲಿಲ್ಲ.

ಪಾಲಾರ್ ಪ್ರಕರಣದಲ್ಲಿ ಜೀವಾವಧಿ ಶಿಕ್ಷೆಯಾದ ನಾಲ್ವರು ಅಪೀಲು ಹೋದರು. 2004ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಾನಾಗಿಯೇ ಶಿಕ್ಷೆಯನ್ನು ಗಲ್ಲಿಗೆ ಏರಿಸಿತು. ಕ್ಷಮಾದಾನದ ಅರ್ಜಿ ಒಂಬತ್ತು ವರ್ಷ ಬಿದ್ದಿದ್ದು 2013ರ ಫೆಬ್ರುವರಿಯಲ್ಲಿ ತಿರಸ್ಕೃತವಾಯಿತು. 2014ರ ಜನವರಿ 21ರಂದು ಶತ್ರುಘ್ನ ಚೌಹಾಣ್ ಪ್ರಕರಣದ ತೀರ್ಪಿನಲ್ಲಿ, ಈ ವಿಳಂಬದ ಕಾರಣಕ್ಕೆ, ನಾಲ್ವರ ಗಲ್ಲು ಮತ್ತೆ ಜೀವಾವಧಿಯಾಯಿತು. ಟಾಡಾ ಕೈದಿಗಳಿಗೆ ವಿಳಂಬದ ಲಾಭವಿಲ್ಲ ಎಂಬ ಹಿಂದಿನ ವರ್ಷದ ತೀರ್ಪನ್ನು ಕೋರ್ಟು ಈ ವೇಳೆ ಒಪ್ಪಲಿಲ್ಲ.

ಸದಾಶಿವ ಸಮಿತಿ

ಎಸ್‌ಟಿಎಫ್ ಶಿಬಿರಗಳಲ್ಲಿ ಚಿತ್ರಹಿಂಸೆ, ಕರೆಂಟ್ ಶಾಕ್, ಹೆಂಗಸರ ಮೇಲೆ ದೌರ್ಜನ್ಯ, ನಕಲಿ ಎನ್‌ಕೌಂಟರ್ ನಡೆದಿವೆ ಎಂಬ ದೂರುಗಳು ಹೆಚ್ಚಾದಾಗ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ತನಿಖಾ ಸಮಿತಿ ನೇಮಿಸಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಎ.ಜೆ. ಸದಾಶಿವ ಅಧ್ಯಕ್ಷರು, ಸಿಬಿಐ ಮಾಜಿ ನಿರ್ದೇಶಕ ಸಿ.ವಿ. ನರಸಿಂಹನ್ ಸದಸ್ಯರು. ಗೋಬಿಚೆಟ್ಟಿಪಾಳ್ಯಂ, ಮಹದೇಶ್ವರ ಬೆಟ್ಟ ಮೊದಲಾದ ಕಡೆ ಸಮಿತಿ ಕೂತು ಹೇಳಿಕೆ ಪಡೆಯಿತು. ಅಷ್ಟು ವರ್ಷ ಮನೆಯೊಳಗೇ ಇಟ್ಟುಕೊಂಡಿದ್ದ ಮಾತನ್ನು ಹೆಂಗಸರು ಮೊದಲ ಬಾರಿಗೆ ಅಧಿಕಾರಸ್ಥರ ಮುಂದೆ ಆಡಿದರು. ವರದಿ ಸಲ್ಲಿಕೆಯಾಗಿದ್ದು 2003ರ ಡಿಸೆಂಬರ್‌ನಲ್ಲಿ. ವೀರಪ್ಪನ್ ಸತ್ತದ್ದು 2004ರ ಅಕ್ಟೋಬರ್ 18ರಂದು, ಧರ್ಮಪುರಿ ಜಿಲ್ಲೆಯಲ್ಲಿ. 2007ರ ಜನವರಿಯಲ್ಲಿ ಆಯೋಗ 89 ಮಂದಿಗೆ ಒಟ್ಟು 2 ಕೋಟಿ 80 ಲಕ್ಷ ರೂಪಾಯಿ ಪರಿಹಾರಕ್ಕೆ ಶಿಫಾರಸು ಮಾಡಿತು.

ಅದೇ ಧರ್ಮಪುರಿ ಜಿಲ್ಲೆಯ ವಾಚಾತಿಯಲ್ಲಿ 1992ರ ಜೂನ್‌ನಲ್ಲಿ ಗಂಧದ ಮರ ಹುಡುಕಲು ಹೋದ ಅರಣ್ಯ, ಪೊಲೀಸ್, ಕಂದಾಯ ಸಿಬ್ಬಂದಿ ನಡೆಸಿದ ದೌರ್ಜನ್ಯದ ಪ್ರಕರಣ ಟಾಡಾಕ್ಕೆ ಸಂಬಂಧಿಸಿದ್ದಲ್ಲ. ಆದರೂ ಅದನ್ನು ಇಲ್ಲಿ ಹೇಳಬೇಕು. ಏಕೆಂದರೆ ಅಲ್ಲಿ 269 ಸಿಬ್ಬಂದಿಯ ಮೇಲೆ ಮೊಕದ್ದಮೆ ನಡೆದು, ಬದುಕುಳಿದಿದ್ದ 215 ಮಂದಿಗೂ 2011ರಲ್ಲಿ ಶಿಕ್ಷೆಯಾಯಿತು. 2023ರಲ್ಲಿ ಮದ್ರಾಸ್ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು.

ಹೆಸರು ಬದಲು, ಸೆಕ್ಷನ್ ಅದೇ

ಟಾಡಾ ಹೋದ ಮೇಲೆ 2002ರಲ್ಲಿ ಪೋಟಾ ಬಂತು. ರಾಜ್‌ಕುಮಾರ್ ಬಿಡುಗಡೆಗೆ ಸಂಧಾನಕ್ಕಾಗಿ ಕಾಡಿಗೆ ಹೋಗಿದ್ದ ಪಿ. ನೆಡುಮಾರನ್ ಅವರನ್ನು ಅದೇ ವರ್ಷ ತಮಿಳುನಾಡು ಸರ್ಕಾರ ಪೋಟಾದಡಿ ಬಂಧಿಸಿತು. ಸಂಸದ ವೈಕೋ ಒಂದು ಭಾಷಣದ ಕಾರಣಕ್ಕೆ ಸುಮಾರು 19 ತಿಂಗಳು ವೆಲ್ಲೂರು ಜೈಲಿನಲ್ಲಿದ್ದರು. ಅವರ ಪಕ್ಷವೇ ಪೋಟಾವನ್ನು ಬೆಂಬಲಿಸಿತ್ತು! 2004ರಲ್ಲಿ ಪೋಟಾ ರದ್ದಾಯಿತು. ಆದರೆ ಅದರ ಬಹಳಷ್ಟು ಅಂಶಗಳು 1967ರ ಯುಎಪಿಎ ಕಾಯ್ದೆಯೊಳಗೆ ಸೇರಿಕೊಂಡವು. ಮುಂಬೈ ದಾಳಿಯ ನಂತರ 2008ರಲ್ಲಿ 180 ದಿನದ ಅವಧಿಯೂ ಬಿಗಿ ಜಾಮೀನು ನಿಯಮವೂ ಮರಳಿ ಬಂದವು. ಟಾಡಾದಂತೆ ಇದಕ್ಕೆ ವಾಯಿದೆ ಇಲ್ಲ. ಸಂಸತ್ತು ಎರಡು ವರ್ಷಕ್ಕೊಮ್ಮೆ ಕೂತು ಬೇಕೇ ಬೇಡವೇ ಎಂದು ನೋಡುವ ಪ್ರಸಂಗವೇ ಇಲ್ಲ. ಪೊಲೀಸರ ಮುಂದಿನ ತಪ್ಪೊಪ್ಪಿಗೆ ಯುಎಪಿಎಯಲ್ಲಿ ನಡೆಯುವುದಿಲ್ಲ ಎನ್ನುವುದೊಂದು ಸಮಾಧಾನ. ವಿಚಾರಣೆ ತೀರಾ ತಡವಾದರೆ ಜಾಮೀನು ಕೊಡಬಹುದು ಎಂದು ಕೇರಳದ ನಜೀಬ್ ಪ್ರಕರಣದಲ್ಲಿ 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯವರಿಗೆ ಮಹಾರಾಷ್ಟ್ರದ ಮೋಕಾ (1999) ಹೆಸರು ಗೊತ್ತಿರುತ್ತದೆ. ಕರ್ನಾಟಕದಲ್ಲಿ ಅದೇ ಮಾದರಿಯ ಕೋಕಾ 2000ನೇ ಇಸವಿಯ ಕಾಯ್ದೆ. ಗೌರಿ ಲಂಕೇಶ್ ಹತ್ಯೆ ಪ್ರಕರಣದಲ್ಲೂ ಹಾಕಲಾಗಿದೆ. ಈ ಎರಡರಲ್ಲೂ ಎಸ್‌ಪಿ ಮುಂದಿನ ತಪ್ಪೊಪ್ಪಿಗೆ ಸಾಕ್ಷ್ಯವಾಗುತ್ತದೆ. ಕದ್ದಾಲಿಸಿದ ಫೋನ್ ಮಾತಿಗೂ ಅವಕಾಶವಿದೆ.

ಫೋನ್ ಕದ್ದಾಲಿಕೆಯ ಬಗ್ಗೆ ಇಷ್ಟು ತಿಳಿದಿದ್ದರೆ ಸಾಕು: ಠಾಣೆಯ ಇನ್ಸ್‌ಪೆಕ್ಟರ್ ತಾನೇ ಆದೇಶ ಕೊಡುವಂತಿಲ್ಲ. ಕೇಂದ್ರ ಅಥವಾ ರಾಜ್ಯದ ಗೃಹ ಕಾರ್ಯದರ್ಶಿಯ ಆದೇಶ ಬೇಕು, ಅದನ್ನು ಪರಿಶೀಲಿಸಲು ಸಮಿತಿ ಇರಬೇಕು ಎಂದು 1996ರಲ್ಲಿ ಪಿಯುಸಿಎಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ವಿಧಿಸಿತು. ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ. ಆದರೆ ಕದ್ದಾಲಿಕೆಗೆ ಒಪ್ಪಿಗೆ ಕೊಡುವವರೂ ಸರ್ಕಾರದವರೇ, ಪರಿಶೀಲಿಸುವವರೂ ಅಧಿಕಾರಿಗಳೇ. ನ್ಯಾಯಾಧೀಶರ ಅನುಮತಿ ಬೇಕಿಲ್ಲ.

ತಿಳಿಯುವ ಭಾಷೆಯಲ್ಲಿ

ಗಡಿನಾಡಿನವರಿಗೆ ಬಹಳ ಉಪಯೋಗಕ್ಕೆ ಬರುವ ತೀರ್ಪೊಂದು 1962ರದು. ಮಹಾರಾಷ್ಟ್ರದಲ್ಲಿ ಹರಿಕಿಸನ್ ಎಂಬವರನ್ನು ಮುಂಜಾಗ್ರತಾ ಬಂಧನದಲ್ಲಿಟ್ಟು ಕಾರಣಗಳನ್ನು ಇಂಗ್ಲಿಷಿನಲ್ಲಿ ಕೊಟ್ಟಿದ್ದರು. ತನಗೆ ಇಂಗ್ಲಿಷ್ ಬಾರದು, ಹಿಂದಿಯಲ್ಲಿ ಕೊಡಿ ಎಂದರೆ ಇಂಗ್ಲಿಷೇ ಆಡಳಿತ ಭಾಷೆ ಎಂದು ನಿರಾಕರಿಸಲಾಯಿತು. ಬಂಧಿತನಿಗೆ ತಿಳಿಯದ ಭಾಷೆಯಲ್ಲಿ ಕೊಟ್ಟ ಕಾರಣ ಕೊಟ್ಟಂತಲ್ಲ ಎಂದು ಸುಪ್ರೀಂ ಕೋರ್ಟ್ ಅವರನ್ನು ಬಿಡಿಸಿತು. ಬಂಧನದ ಕಾರಣಗಳನ್ನು ಬರಹದಲ್ಲಿ ಕೊಡಲೇಬೇಕು, ಯುಎಪಿಎ ಆದರೂ ಸರಿ, ಎಂದು 2024ರ ಮೇ ತಿಂಗಳಲ್ಲಿ ಪ್ರಬೀರ್ ಪುರಕಾಯಸ್ಥ ಪ್ರಕರಣದಲ್ಲಿ ಅದೇ ಕೋರ್ಟು ಹೇಳಿದೆ. ಅಂದರೆ ತಾಳವಾಡಿಯ ಕನ್ನಡಿಗನಿಗೆ ತಮಿಳು ಓದಲು ಬಾರದಿದ್ದರೆ, ಮಾರ್ಟಳ್ಳಿಯ ತಮಿಳನಿಗೆ ಕನ್ನಡ ಓದಲು ಬಾರದಿದ್ದರೆ, ತನಗೆ ಗೊತ್ತಿರುವ ಭಾಷೆಯಲ್ಲಿ ಕೊಡಿ ಎಂದು ಕೇಳಬಹುದು. ಮಾತಾಡಲು ಎರಡೂ ಭಾಷೆ ಬಂದರೂ ಓದಲು ಒಂದೇ ಬರುವವರು ನಮ್ಮಲ್ಲಿ ಬಹಳ. ಓದಲಾಗದ ಕಾಗದಕ್ಕೆ ಸಹಿ, ಹೆಬ್ಬೆಟ್ಟು ಹಾಕುವ ಮುನ್ನ ಅದನ್ನು ಬಾಯಿಬಿಟ್ಟು ಹೇಳಬೇಕು.

ಬಂಧಿಸಿದ 24 ಗಂಟೆಯೊಳಗೆ, ಪ್ರಯಾಣದ ಸಮಯ ಬಿಟ್ಟು, ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಮನೆಯವರಿಗೆ ಅಥವಾ ಬಂಧಿತ ಹೇಳಿದವರಿಗೆ ಸುದ್ದಿ ಮುಟ್ಟಿಸಬೇಕು. ಬಂಧನದ ಮೆಮೊಗೆ ಸಾಕ್ಷಿಯ ಸಹಿ ಬೇಕು. ಠಾಣೆಯಲ್ಲಿ ಹೊಡೆದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಮೊದಲ ದಿನವೇ ಹೇಳಿ ಬರೆಸಬೇಕು. ಆಮೇಲೆ ಹೇಳಿದರೆ ಇಷ್ಟು ದಿನ ಏಕೆ ಸುಮ್ಮನಿದ್ದೆ ಎಂಬ ಪ್ರಶ್ನೆ ಬರುತ್ತದೆ. ಜೈಲಿನಲ್ಲಿರುವ ಯಾರಿಗೇ ಆಗಲಿ, ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಆದಾಯ ಎಷ್ಟೇ ಇದ್ದರೂ, ಉಚಿತ ವಕೀಲರ ನೆರವು ಪಡೆಯುವ ಹಕ್ಕಿದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟರೆ ಆಯಿತು. ದೇಶದಾದ್ಯಂತ ಸಹಾಯವಾಣಿ ಸಂಖ್ಯೆ 15100.